ಕೋಶಕೃಷಿಯ ಸಾಕ್ಷ್ಯ ಮತ್ತು ಹಟ್ಟಿಯ ನೀರು

ವಸ್ತುಗಳ ವಿಷತ್ವವನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಅಳೆಯುವ ಪದ್ಧತಿ ಇಂದು ನಮ್ಮ ಕಾಲೇಜುಗಳನ್ನೂ ಮುಟ್ಟಿದೆ. ನೀರಿನ ಮಾದರಿಯೊಂದನ್ನು ಕೋಶಗಳಿಗೆ ಉಣಿಸಿ, ಮರುದಿನ ಶೇಕಡಾ ಇಷ್ಟು ಬದುಕಿದುವೆಂದು ಗಣಿಸಿ, 'ಈ ನೀರು ನಿರಪಾಯಕರ'ವೆಂದು ಪ್ರಬಂಧವನ್ನು ಮುಗಿಸುವ ಆಸೆ ಸಹಜವೇ. ಆದರೆ ಈ ತೀರ್ಮಾನದಲ್ಲಿ ಪರೀಕ್ಷೆಯ ಪಾಲೆಷ್ಟು, ನಮ್ಮ ಅವಸರದ ಪಾಲೆಷ್ಟು ಎಂಬುದನ್ನು ಹಟ್ಟಿಯ ನಿದರ್ಶನದಿಂದ ವಿಚಾರಿಸುವುದು ಇಲ್ಲಿ ನಮ್ಮ ಉದ್ದೇಶ.

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಂದಿನ ಗಣಿಯ ಕಂಪನಿ ೧೯೪೭ರಲ್ಲಿ ಸ್ಥಾಪಿತವಾಯಿತು. ಅಲ್ಲಿ ಅದಿರನ್ನು ಪುಡಿಮಾಡಿ, ಸಯನೈಡಿನ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆಯುತ್ತಾರೆ. ಅದಿರಿನಲ್ಲಿ ಚಿನ್ನದ ಸಂಗಡ ಆರ್ಸೆನಿಕ್ ಬೆರೆತ ಖನಿಜವೂ ಇದೆ. ಆದಕಾರಣ ಇಂಥ ಕಡೆ ಪರೀಕ್ಷಕನು ಎರಡು ವಿಷಗಳನ್ನು ಮನಸ್ಸಿನಲ್ಲಿಡಬೇಕು: ಒಂದು, ಕ್ಷಣಗಳಲ್ಲಿ ಕೊಲ್ಲಬಲ್ಲ ಸಯನೈಡು, ಇನ್ನೊಂದು, ವರ್ಷಗಳಲ್ಲಿ ಕೊಲ್ಲುವ ಆರ್ಸೆನಿಕ್. ಸ್ವಭಾವದಲ್ಲಿ ಇಷ್ಟು ಭಿನ್ನವಾದ ಎರಡನ್ನೂ ಒಂದೇ ಅಳತೆಗೋಲಿನಿಂದ ಅಳೆಯಬಹುದೆ?

ಬಹುವಾಗಿ ಬಳಕೆಯಲ್ಲಿರುವ ಅಳತೆಗೋಲು ೧೯೮೩ರಲ್ಲಿ ಮೋಸ್ಮನ್ ಪ್ರಕಟಿಸಿದ ಎಂ.ಟಿ.ಟಿ. ಪರೀಕ್ಷೆ. ಜೀವಂತ ಕೋಶದ ಕಿಣ್ವಗಳು ಹಳದಿಯ ಲವಣವೊಂದನ್ನು ನೇರಳೆಯ ವಸ್ತುವಾಗಿ ಮಾರ್ಪಡಿಸುತ್ತವೆ. ಬಣ್ಣ ಗಾಢವಾದಷ್ಟೂ ಬದುಕಿರುವ ಕೋಶಗಳು ಹೆಚ್ಚೆಂದು ತಿಳಿಯುತ್ತೇವೆ. ಈ ವಿಧಾನದ ಗುಣಗಳನ್ನು ನಾವು ಅಲ್ಲಗಳೆಯುವವರಲ್ಲ. ಅದು ಅಗ್ಗ, ಶೀಘ್ರ. ಪ್ರಾಣಿಗಳ ಬಲಿಯನ್ನೂ ತಗ್ಗಿಸುತ್ತದೆ. ಆದರೆ ಬಣ್ಣವು ನೇರವಾಗಿ ಹೇಳುವುದು ಕೋಶದ ಚಯಾಪಚಯವನ್ನೇ ಹೊರತು ಅದರ ಜೀವಮರಣವನ್ನಲ್ಲ. ಕೋಶ ಸಾಯದೆಯೂ ಅದರ ಚಟುವಟಿಕೆ ಕುಂದಬಹುದು; ಮಾದರಿಯಲ್ಲಿ ಅಪಕರ್ಷಕ ವಸ್ತುಗಳಿದ್ದರೆ ಕೋಶದ ನೆರವಿಲ್ಲದೆಯೂ ನೇರಳೆಬಣ್ಣ ಮೂಡಬಹುದು.

ಮೊದಲು ಸಯನೈಡನ್ನು ನೋಡೋಣ. ಕೋಶವು ಆಮ್ಲಜನಕವನ್ನು ಬಳಸಿಕೊಳ್ಳುವ ಕೊನೆಯ ಕಿಣ್ವವನ್ನೇ ಅದು ಕಟ್ಟಿಹಾಕುತ್ತದೆ. ಮನುಷ್ಯನ ಮಿದುಳಿಗೂ ಹೃದಯಕ್ಕೂ ಇದು ಮಾರಕ. ತಟ್ಟೆಯ ಕೋಶಗಳಾದರೋ ಗ್ಲೂಕೋಸಿನ ಸಮೃದ್ಧಿಯಲ್ಲಿ ತೇಲುತ್ತಿರುತ್ತವೆ. ಆಮ್ಲಜನಕದ ಹಂಗಿಲ್ಲದೆ ಸಕ್ಕರೆಯನ್ನು ಒಡೆದೇ ಅವು ಬಾಳಬಲ್ಲವು. ಗ್ಲೂಕೋಸಿನ ಬದಲು ಗ್ಯಾಲಕ್ಟೋಸನ್ನು ಇಟ್ಟರೆ ಅದೇ ಕೋಶಗಳು ಇಂಥ ವಿಷಗಳಿಗೆ ಸುಲಭವಾಗಿ ತುತ್ತಾಗುತ್ತವೆ. ಎಂದಮೇಲೆ ಮೊದಲ ಪ್ರಯೋಗ ತೋರಿಸಿದ್ದು ವಿಷದ ಸೌಮ್ಯತೆಯನ್ನಲ್ಲ, ಆಹಾರದ ಔದಾರ್ಯವನ್ನು. ಇದರ ಮೇಲೆ ಇನ್ನೊಂದು ತೊಡಕು. ಕೋಶಕೃಷಿಯ ದ್ರವದಲ್ಲಿ ಸಯನೈಡು ಬಹುಪಾಲು ಹೈಡ್ರೊಜನ್ ಸಯನೈಡಾಗಿರುತ್ತದೆ. ಅದರ ಕುದಿಬಿಂದು ಸುಮಾರು ೨೬ ಡಿಗ್ರಿ. ಕೋಶಗಳನ್ನಿಡುವ ಪೆಟ್ಟಿಗೆಯ ಉಷ್ಣತೆ ೩೭ ಡಿಗ್ರಿ. ಹೀಗಾಗಿ ವಿಷವು ಗುಳಿಯಿಂದ ಆವಿಯಾಗಿ ಹೋಗುತ್ತದೆ. ಪಕ್ಕದ ಗುಳಿಗಳನ್ನೂ ಸೇರಬಲ್ಲುದು. ಹೋಲಿಕೆಗೆಂದು ಇಟ್ಟ ಶುದ್ಧ ಗುಳಿಯೂ ಹಾಗೆ ಕೆಟ್ಟರೆ ಶೇಕಡಾವಾರು ಲೆಕ್ಕಕ್ಕೆ ಆಧಾರವೇನು ಉಳಿಯಿತು?

ಆರ್ಸೆನಿಕ್ಕಿನ ವಿಷಯದಲ್ಲಿ ಕೊರತೆ ಇನ್ನೂ ಆಳವಾದುದು. ದೇಹವನ್ನು ಸೇರಿದ ಆರ್ಸೆನಿಕ್ ಯಕೃತ್ತಿನಲ್ಲಿ ಮಾರ್ಪಾಡುಗೊಳ್ಳುತ್ತದೆ. ಹಾಗೆ ಹುಟ್ಟುವ ಕೆಲವು ರೂಪಗಳು ಮೂಲವಸ್ತುವಿಗಿಂತ ಉಗ್ರ. ಈ ಮಾರ್ಪಾಡಿನ ಶಕ್ತಿಯಿಲ್ಲದ ಕೋಶಗಳು ಅವನ್ನು ಕಾಣಲಾರವು. ಬ್ಯಾಕ್ಟೀರಿಯಗಳ ಮೇಲೆ ನಡೆಸುವ ರೂಢಿಯ ಉತ್ಪರಿವರ್ತನಾ ಪರೀಕ್ಷೆಗಳಲ್ಲಿಯೂ ಆರ್ಸೆನಿಕ್ ಸಾಮಾನ್ಯವಾಗಿ ನಿರ್ದೋಷಿಯೆನಿಸಿಕೊಳ್ಳುತ್ತದೆ. ಆದರೂ ಅದು ಮನುಷ್ಯರಲ್ಲಿ ಕ್ಯಾನ್ಸರನ್ನುಂಟುಮಾಡುವುದು ನಿಸ್ಸಂದೇಹವಾಗಿ ಸಿದ್ಧವಾಗಿದೆ. ಯಾದಗಿರಿ ಜಿಲ್ಲೆಯಲ್ಲಿ, ಮುಚ್ಚಿದ ಮಂಗಳೂರು ಚಿನ್ನದ ಗಣಿಯ ಸಮೀಪದ ಕಿರದಳ್ಳಿ ತಾಂಡಾದಲ್ಲಿ, ನೀರಿನ ಆರ್ಸೆನಿಕ್ಕಿನಿಂದ ಜನರ ಚರ್ಮದ ಮೇಲೆ ಮೂಡಿದ ಲಕ್ಷಣಗಳನ್ನು ೨೦೧೩ರಲ್ಲಿ ಪ್ರಕಟವಾದ ಅಧ್ಯಯನವು ದಾಖಲಿಸಿದೆ. ಅಂಥ ಲಕ್ಷಣಗಳು ತಲೆದೋರಲು ವರ್ಷಗಳೇ ಬೇಕು. ನಮ್ಮ ತಟ್ಟೆಯ ಆಯುಸ್ಸು ಒಂದೆರಡು ದಿನ.

ಹಾಗಾದರೆ ಈ ಪರೀಕ್ಷೆಗಳನ್ನು ಕೈಬಿಡಬೇಕೆ? ಕೂಡದು. ಅವು ಹಲವು ಮಾದರಿಗಳಲ್ಲಿ ಮೊದಲು ನೋಡತಕ್ಕದ್ದು ಯಾವುದೆಂಬುದನ್ನು ಸೂಚಿಸಬಲ್ಲವು. ವಿಷವು ಕೋಶದ ಯಾವ ಅಂಗವನ್ನು ಹಿಡಿಯುತ್ತದೆಂಬುದನ್ನು ಬಿಡಿಸಿ ತೋರಿಸಬಲ್ಲವು. ಆದರೆ ವಿದ್ಯಾರ್ಥಿಯು ಹಾಕಿದ ವಿಷದ ಪ್ರಮಾಣವನ್ನಷ್ಟೇ ಅಲ್ಲ, ಪ್ರಯೋಗದ ಕೊನೆಯಲ್ಲಿ ಉಳಿದಿರುವ ಪ್ರಮಾಣವನ್ನೂ ಅಳೆಯಬೇಕು. ಕೋಶಗಳ ಆಹಾರವನ್ನು ಬದಲಿಸಿ ನೋಡಬೇಕು. ಕೋಶಗಳಿಲ್ಲದ ಗುಳಿಯಲ್ಲಿ ಬಣ್ಣ ಮೂಡುವುದೇ ಎಂದು ಪರಿಶೀಲಿಸಬೇಕು. ಬೇರೆ ತತ್ತ್ವದ ಇನ್ನೊಂದು ಪರೀಕ್ಷೆಯಿಂದ ತಾಳೆನೋಡಬೇಕು. ಎಲ್ಲಕ್ಕೂ ಮಿಗಿಲಾಗಿ, ಕುಡಿಯುವ ನೀರಿನ ಲೀಟರಿಗೆ ೧೦ ಮೈಕ್ರೋಗ್ರಾಮ್ ಆರ್ಸೆನಿಕ್ ಎಂಬ ಮಿತಿಯೊಡನೆ ರಾಸಾಯನಿಕ ವಿಶ್ಲೇಷಣೆಯ ಫಲವನ್ನು ಹೋಲಿಸದೆ ಬಾವಿಯೊಂದನ್ನು ನಿರಪಾಯಕರವೆನ್ನಕೂಡದು.

ಹಟ್ಟಿಗೆ ಅನತಿದೂರದ ಮಸ್ಕಿಯಲ್ಲಿ ೧೯೧೫ರಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರಿಗೆ ದೊರೆತ ಶಾಸನವು, 'ದೇವಾನಾಂಪ್ರಿಯ'ನೆಂಬ ಬಿರುದಿನ ಅರಸನೇ ಅಶೋಕನೆಂಬ ವಿದ್ವಾಂಸರ ಊಹೆಯನ್ನು ದೃಢಪಡಿಸಿತು. ಊಹೆ ಸಮಂಜಸವಾಗಿದ್ದರೂ ಬೇರೊಂದು ಸಾಕ್ಷ್ಯ ಬೇಕಾಯಿತು. ಕಲ್ಲಿನ ವಿಷಯದಲ್ಲಿ ನಾವು ತೋರುವ ಈ ಎಚ್ಚರವನ್ನು ಜನರು ಕುಡಿಯುವ ನೀರಿನ ವಿಷಯದಲ್ಲಿ ಸಡಿಲಿಸುವುದು ನ್ಯಾಯವಲ್ಲ. ಕೋಶವು ಸತ್ತರೆ ಅದು ಎಚ್ಚರಿಕೆ. ಬದುಕಿದರೆ ಅದು ಅಭಯವಲ್ಲ.