ಮಣ್ಣು ಯಾರದು?

“ಐವತ್ತೊಂಬತ್ತರ ಖಂಚನಾಳೆ, ಎಂಬತ್ತೆರಡರ ಸತ್ಪಾಲ್. ಇಬ್ಬರನ್ನೂ ಕಣಕ್ಕ ಬಿಟ್ಟರ ಯಾರು ಚಿತ್?”

ಝಳಕಿ ಕ್ರಾಸಿನ ಚಾದಂಗಡಿಯಲ್ಲಿ ಈ ಪ್ರಶ್ನೆ ಬಿತ್ತೆಂದರೆ ಒಂದು ಬಸ್ಸು ತಪ್ಪಿತೆಂದೇ ಲೆಕ್ಕ. ವಿಜಯಪುರ–ಸೊಲ್ಲಾಪುರ ಹೆದ್ದಾರಿಗೆ ಇಂಡಿಯ ಕಡೆಯವರೂ ಚಡಚಣದ ಕಡೆಯವರೂ ಬಂದು ಕೂಡುವ ಜಾಗ ಇದು. ಕಾಯುವವರಿಗೆ ಮಾತು ಬೇಕು. ರಾಜಕೀಯ ಎತ್ತಿದರೆ ಜಗಳ, ಮಳೆ ಎತ್ತಿದರೆ ನಿಟ್ಟುಸಿರು. ಪೈಲ್ವಾನರ ಸುದ್ದಿ ಎತ್ತಿದರೆ ಮಾತ್ರ ಇನ್ನೊಂದು ಸುತ್ತು ಚಹಾ.

ಪ್ರಶ್ನೆ ಹಾಕಿದವರು ನನಗೆ ದೂರದ ಸಂಬಂಧದಲ್ಲಿ ಕಾಕಾ. ಹರೆಯದಲ್ಲಿ ಜಾತ್ರೆ ಜಾತ್ರೆ ತಿರುಗಿ ಕುಸ್ತಿ ಹಿಡಿದವರು. ಅವರ ಎಡಗಿವಿ ಒಣಗಿದ ಅಂಜೂರದ ಹಾಗೆ ಮುದುಡಿಕೊಂಡಿದೆ. ಎದುರಾಳಿಯ ತಲೆಗೆ ಉಜ್ಜಿ ಉಜ್ಜಿ ಆದ ಕಿವಿ ಅದು. ಕುಸ್ತಿಯ ವಿಷಯದಲ್ಲಿ ಅವರ ಮಾತಿಗೆ ಅದೇ ಮೊಹರು.

ಶ್ರೀಪತಿ ಖಂಚನಾಳೆ ನಮ್ಮ ಚಿಕ್ಕೋಡಿ ತಾಲೂಕಿನ ಯಕ್ಸಂಬಾದಲ್ಲಿ ಹುಟ್ಟಿ, ಕೊಲ್ಲಾಪುರದ ತಾಲೀಮಿನಲ್ಲಿ ಬೆಳೆದವರು. 1959ರಲ್ಲಿ ದಿಲ್ಲಿಯಲ್ಲಿ ಪಂಜಾಬಿನ ಬಂತಾಸಿಂಗರನ್ನು ಕೆಡವಿ ಹಿಂದ್ ಕೇಸರಿ ಆದರು. ಸತ್ಪಾಲ್ ಗುರು ಹನುಮಾನರ ಅಖಾಡದ ಕುಡಿ. 1982ರ ದಿಲ್ಲಿ ಏಷ್ಯಾಡಿನಲ್ಲಿ 100 ಕಿಲೋ ವರ್ಗದ ಚಿನ್ನ ಗೆದ್ದವರು. ಸತ್ಪಾಲರ ಏರುಹೊತ್ತಿಗೆ ಖಂಚನಾಳೆಯವರಿಗೆ ಐವತ್ತು ಹತ್ತಿರ. ಕಾಲ ಕೂಡಿಸದ ಈ ಜೋಡಿಯನ್ನು ಕೂಡಿಸುವ ಕೆಲಸ ಬಾಕಿನ ಮೇಲೆ ಕುಳಿತವರ ಪಾಲಿಗೆ ಬಂದಿದೆ.

ಈ ವಾದದ ರುಚಿ ಹತ್ತಿದ ಮೇಲೆ ಜಗತ್ತಿನಲ್ಲಿ ಎಲ್ಲಿ ನೋಡಿದರೂ ಇದೇ ಕಾಣುತ್ತದೆ. ಬಾಕ್ಸಿಂಗ್ ಲೋಕದಲ್ಲಂತೂ ಇದು ಮುಗಿಯದ ವ್ಯಾಜ್ಯ: ಪ್ರಾಯದ ಮೊಹಮ್ಮದ್ ಅಲಿ, ಪ್ರಾಯದ ಮೈಕ್ ಟೈಸನ್, ಯಾರು ಮೇಲು? ಅಲಿ ಆರಡಿ ಮೂರಂಗುಲದ ಆಳು. ಕೈ ಕೆಳಗೆ ಬಿಟ್ಟುಕೊಂಡು, ಹೊಡೆತ ಬಂದಾಗ ಗಲ್ಲವನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸುವವನು. ಟೈಸನ್ ಐದಡಿ ಹತ್ತಂಗುಲ. ಎರಡೂ ಮುಷ್ಟಿ ಕೆನ್ನೆಗೆ ಒತ್ತಿಕೊಂಡು, ಕುಗ್ಗಿ, ತಲೆಯನ್ನು ಅತ್ತಿತ್ತ ತೂಗುತ್ತ ಒಳಗೆ ನುಗ್ಗಿ, ಮೊದಲು ಪಕ್ಕೆಗೆ, ಆಮೇಲೆ ಗದ್ದಕ್ಕೆ. ನನ್ನ ಮೊಬೈಲಿನಲ್ಲಿ ಅಲಿಯ 1966ರ ಒಂದು ಪಂದ್ಯ ತೋರಿಸಿದೆ, ಹ್ಯೂಸ್ಟನ್ನಿನಲ್ಲಿ ಕ್ಲೀವ್‌ಲ್ಯಾಂಡ್ ವಿಲಿಯಮ್ಸನನ್ನು ಮೂರೇ ಸುತ್ತಿನಲ್ಲಿ ಮುಗಿಸಿದ್ದು. ನಾನು ಮುಷ್ಟಿ ನೋಡುತ್ತಿದ್ದೆ. ಕಾಕಾ ಒಮ್ಮೆಯೂ ಮುಷ್ಟಿ ನೋಡಲಿಲ್ಲ.

“ಕಾಲ ನೋಡೋ ತಮ್ಮಾ. ಕೈ ಹೊಡಿತಾವ, ಗೆಲ್ಲೂದು ಕಾಲು.”

ಮತ್ತೆ ನೋಡಿದೆ. ಅಲಿಯ ಹಿಮ್ಮಡಿ ನೆಲಕ್ಕೆ ಊರುವುದೇ ಅಪರೂಪ. ಹೊಡೆಯುವ ಮೊದಲೇ ಹೊರಡುವ ದಾರಿ ಕಾಲಿಗೆ ಗೊತ್ತಿರುತ್ತದೆ. ಬರೀ ಆ ಪಂದ್ಯವನ್ನೇ ನೋಡಿದ್ದರೆ ನನ್ನ ಕಣ್ಣು ಮುಷ್ಟಿಯಲ್ಲೇ ಉಳಿಯುತ್ತಿತ್ತು. ಟೈಸನ್ ಇವನನ್ನು ಮೂಲೆಗೆ ಒತ್ತಬಲ್ಲನೇ ಎಂಬ ಕೊಕ್ಕೆ ತಲೆಯಲ್ಲಿತ್ತು, ಅದಕ್ಕೇ ಕಾಲು ಕಂಡಿತು. ಆಗದ ಪಂದ್ಯ ಆದ ಪಂದ್ಯವನ್ನು ಚೆನ್ನಾಗಿ ತೋರಿಸುತ್ತದೆ. ಈ ಹರಟೆಯ ಮೊದಲ ಲಾಭ ಇದು.

ವಾದ ಬಿಗಿಯಾದಾಗ ಎಲ್ಲರೂ ಹೂಡುವ ಪಟ್ಟು ಒಂದಿದೆ: ಮೂರನೆಯವನನ್ನು ತಕ್ಕಡಿ ಮಾಡುವುದು. ಅಲಿ ಮತ್ತು ಟೈಸನ್ ಇಬ್ಬರೂ ಟ್ರೆವರ್ ಬರ್ಬಿಕ್ ಎಂಬವನ ಜೊತೆ ಆಡಿದ್ದಾರೆ. 1981ರಲ್ಲಿ ಬರ್ಬಿಕ್ ಅಲಿಯನ್ನು ಸೋಲಿಸಿದ. 1986ರಲ್ಲಿ ಟೈಸನ್ ಅದೇ ಬರ್ಬಿಕ್‌ನನ್ನು ಎರಡನೆಯ ಸುತ್ತಿನಲ್ಲಿ ಉರುಳಿಸಿ, ಇಪ್ಪತ್ತರ ಹರೆಯದಲ್ಲೇ ಹೆವಿವೇಟ್ ಪಟ್ಟ ಏರಿದ. ಲೆಕ್ಕ ಮುಗಿಯಿತಲ್ಲ? ಮುಗಿಯಲಿಲ್ಲ. 1981ರ ಅಲಿಗೆ ನಲವತ್ತು ತುಂಬುವುದಕ್ಕೆ ತಿಂಗಳೊಂದು ಬಾಕಿ. ಅದು ಅವನ ಕಡೆಯ ಪಂದ್ಯ. ತಕ್ಕಡಿ ಅದೇ ಇದ್ದರೂ ತಟ್ಟೆಯಲ್ಲಿ ಕುಳಿತವನು ಪ್ರಾಯದ ಅಲಿ ಆಗಿರಲಿಲ್ಲ.

ಕುಸ್ತಿಯಲ್ಲಿ ಇಂಥದ್ದೇ ತಕ್ಕಡಿ ಪೋಲೆಂಡಿನ ಜಿಬಿಸ್ಕೋ. ಅಮೆರಿಕದ ಫ್ರಾಂಕ್ ಗಾಚ್ ಮತ್ತು ನಮ್ಮ ಗಾಮಾ ಒಂದೇ ಕಾಲದಲ್ಲಿದ್ದೂ ಎದುರಾಗಲಿಲ್ಲ. ಆದರೆ ಜಿಬಿಸ್ಕೋ ಇಬ್ಬರಿಗೂ ಸಿಕ್ಕ. 1910ರ ಜೂನ್‌ನಲ್ಲಿ ಷಿಕಾಗೋದಲ್ಲಿ ಗಾಚ್ ಅವನನ್ನು ಮೊದಲ ಪಟ್ಟಿನಲ್ಲಿ ಆರೇಳು ಸೆಕೆಂಡಿಗೆ ಕೆಡವಿದ. ಅದೇ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಗಾಮಾ ಎರಡೂವರೆ ಗಂಟೆ ಹೆಣಗಿದರೂ ಅವನನ್ನು ಚಿತ್ ಮಾಡಲಾಗಲಿಲ್ಲ. ಹಾಗಾದರೆ ಗಾಚ್ ದೊಡ್ಡವನೇ? ಕಾಕಾ ಒಪ್ಪುವುದಿಲ್ಲ. ಕೈ ಕುಲುಕಲು ಬಂದಿದ್ದ ಜಿಬಿಸ್ಕೋನನ್ನು ಗಾಚ್ ಹಾಗೇ ಎಳೆದು ಬೀಳಿಸಿದ ಎಂಬ ತಕರಾರು ಆಗಲೇ ಎದ್ದಿತ್ತು. ಗಾಮಾನ ಎದುರು ಅವನು ಹೊಟ್ಟೆ ಕೆಳಗಾಗಿ ನೆಲಕ್ಕೆ ಅಂಟಿ ಮಲಗಿಯೇ ಹೊತ್ತು ಕಳೆದ.

“ಮಲಗಿದಾಂವನ ಎಬ್ಬಸಬಹುದು, ಮಲಗಿದಂಗ ಮಾಡಿದಾಂವನ ಎಬ್ಬಸಾಕ ಆಗೂದಿಲ್ಲ,” ಎಂದರು ಕಾಕಾ. ಆಮೇಲೆ ತಮ್ಮ ಖಾಸಾ ಪ್ರಶ್ನೆ ಹಾಕಿದರು: “ಮಣ್ಣು ಯಾರದು?”

ಆ ಪ್ರಶ್ನೆಯ ಭಾರ ನನಗೆ ತಟ್ಟನೆ ಹತ್ತಲಿಲ್ಲ. ಲಂಡನ್ನಿನಲ್ಲಿ ಹಾಸಿದ್ದು ಮ್ಯಾಟು. 1928ರಲ್ಲಿ ಅದೇ ಇಬ್ಬರು ಪಟಿಯಾಲದಲ್ಲಿ, ಮಣ್ಣಿನ ಕಣದಲ್ಲಿ, ಮತ್ತೆ ಕೈ ಹಚ್ಚಿದರು. ಇಬ್ಬರಿಗೂ ಐವತ್ತರ ಆಸುಪಾಸು. ಒಂದು ನಿಮಿಷ ತುಂಬುವ ಮೊದಲೇ ಜಿಬಿಸ್ಕೋನ ಬೆನ್ನಿಗೆ ಮಣ್ಣು ಹತ್ತಿತ್ತು. ಎರಡೂವರೆ ಗಂಟೆಯಲ್ಲಿ ಆಗದ್ದು ಒಂದು ನಿಮಿಷದೊಳಗೆ ಆದಾಗ ಗೆದ್ದದ್ದರಲ್ಲಿ ಗಾಮಾನ ಪಾಲೆಷ್ಟು, ಮಣ್ಣಿನ ಪಾಲೆಷ್ಟು?

ಮಣ್ಣೆಂದರೆ ಬರೀ ಮಣ್ಣಲ್ಲವಷ್ಟೆ. ನಮ್ಮ ಕಡೆಯ ಹೊಲದ ಎರೆಮಣ್ಣು ಜೋಳಕ್ಕೆ ಬಂಗಾರ, ಕುಸ್ತಿಗೆ ಬಾರದು. ಒಣಗಿದರೆ ಕಲ್ಲು, ನೆನೆದರೆ ಅಂಟು. ಗರಡಿಗೆ ಕೆಂಪು ಮಣ್ಣೇ ಬೇಕು. ಅದನ್ನು ಜರಡಿ ಹಿಡಿದು, ಅರಿಷಿಣ, ಎಣ್ಣೆ, ಮಜ್ಜಿಗೆ, ಲಿಂಬೆಯ ರಸ ಹಾಕಿ ಹದ ಮಾಡುತ್ತಾರೆ. ಇಂಡಿಯ ಲಿಂಬೆ ಊಟದೆಲೆಗಷ್ಟೇ ಅಲ್ಲ, ಪೈಲ್ವಾನನ ಬೆನ್ನಿಗೂ ಬೇಕಾದ ಹಣ್ಣು. ಕುಸ್ತಿಗೆ ಮೊದಲು ಒಂದು ಹಿಡಿ ಮಣ್ಣೆತ್ತಿ ಎದುರಾಳಿಯ ತೋಳಿಗೆ ಎರಚುವುದು ಹಿಡಿತ ಜಾರದಿರಲೆಂದು. ಮ್ಯಾಟಿನ ಮೇಲೆ ಬೆವರಿದ ತೋಳು ಮೀನು. ಮಣ್ಣಿನ ಮೇಲೆ ಅದೇ ತೋಳು ನೊಗ. ಮ್ಯಾಟಿನಲ್ಲಿ ನಿಮಿಷದ ಲೆಕ್ಕ, ಅಂಕದ ಲೆಕ್ಕ. ಜಾತ್ರೆಯ ನಿಕಾಲಿ ಕುಸ್ತಿಯಲ್ಲಿ ಒಬ್ಬನ ಬೆನ್ನು ನೆಲ ಕಾಣುವ ತನಕ ಹಲಗೆ ನಿಲ್ಲುವುದಿಲ್ಲ. ಖಂಚನಾಳೆ–ಸತ್ಪಾಲ್ ಜೋಡಿಗೆ ಯಾವ ನೆಲ ಹಾಸುತ್ತೀರಿ ಎಂದು ಹೇಳಿದ ಗಳಿಗೆಯಲ್ಲೇ ತೀರ್ಪು ಅರ್ಧ ಆಗಿಬಿಟ್ಟಿರುತ್ತದೆ.

ಬಾಕ್ಸಿಂಗಿಗೂ ಅದರದೇ ಮಣ್ಣುಂಟು. ಅಲಿಯ ದೊಡ್ಡ ಕಾಳಗಗಳು 15 ಸುತ್ತಿನವು. 1975ರ ಮನಿಲಾದಲ್ಲಿ ಅವನೂ ಫ್ರೇಜಿಯರನೂ 14 ಸುತ್ತು ಒಬ್ಬರನ್ನೊಬ್ಬರು ಅರೆದರು. ಟೈಸನ್ ಪಟ್ಟ ಏರಿದ್ದು 12 ಸುತ್ತಿನ ಕಾಲದಲ್ಲಿ. ಮೊದಲ ಆರು ಸುತ್ತು ಟೈಸನ್ನನಿಗೆ ಬರೆದುಕೊಟ್ಟರೂ 13ನೆಯ ಸುತ್ತು ಎಂಬ ನೆಲ ಅಲಿಯದು. ಅಲ್ಲಿಗೆ ಟೈಸನ್ ಎಂದೂ ಕಾಲಿಟ್ಟಿಲ್ಲ.

ಒಮ್ಮೆ ಈ ವ್ಯಾಜ್ಯವನ್ನು ಯಂತ್ರಕ್ಕೂ ಒಪ್ಪಿಸಿದ್ದರು. ಸೋಲೇ ಕಾಣದೆ 49 ಪಂದ್ಯ ಗೆದ್ದು 1956ರಲ್ಲಿ ನಿವೃತ್ತನಾದ ರಾಕಿ ಮಾರ್ಸಿಯಾನೋ ಒಂದು ಕಡೆ, ಅಲಿ ಇನ್ನೊಂದು ಕಡೆ. ಇಬ್ಬರ ವಿವರಗಳನ್ನೂ ಕಂಪ್ಯೂಟರಿಗೆ ಉಣಿಸಿ, 1969ರಲ್ಲಿ ಇಬ್ಬರನ್ನೂ ಮಯಾಮಿಯ ಸ್ಟುಡಿಯೊದಲ್ಲಿ ನಿಲ್ಲಿಸಿ, ಹುಸಿ ಹೊಡೆತಗಳ ಚಿತ್ರ ತೆಗೆದರು. ಮಾರ್ಸಿಯಾನೋ ಮೈ ಇಳಿಸಿಕೊಂಡು, ಬೋಳುತಲೆಗೆ ಟೋಪನ್ ಹಾಕಿಕೊಂಡು ಬಂದಿದ್ದ. 13ನೆಯ ಸುತ್ತಿನಲ್ಲಿ ಮಾರ್ಸಿಯಾನೋ ಗೆದ್ದನೆಂದಿತು ಯಂತ್ರ. 1970ರ ಜನವರಿಯಲ್ಲಿ ಚಿತ್ರ ತೆರೆಗೆ ಬಂದಾಗ ಗೆದ್ದವನೇ ಇರಲಿಲ್ಲ. ಹಿಂದಿನ ಆಗಸ್ಟಿನಲ್ಲೇ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ. ತೀರ್ಪು ಬಂದರೂ ವಾದ ನಿಂತಿತೇ? ಇಂದಿಗೂ ಇಲ್ಲ.

ಸೋತ ಅಲಿಯಾದರೂ ಆಗ ಎಲ್ಲಿದ್ದ? ಯುದ್ಧಕ್ಕೆ ಹೋಗಲಾರೆನೆಂದು 1967ರಲ್ಲಿ ಸೈನ್ಯ ಸೇರಲು ನಿರಾಕರಿಸಿದ್ದಕ್ಕೆ ಪಟ್ಟ ಕಿತ್ತುಕೊಂಡು, ಕಣ ಮುಚ್ಚಿದ್ದರು. ಮತ್ತೆ ಕಣಕ್ಕಿಳಿದದ್ದು 1970ರ ಅಕ್ಟೋಬರಿನಲ್ಲಿ. ಇಪ್ಪತ್ತೈದರಿಂದ ಇಪ್ಪತ್ತೆಂಟು, ಪೈಲ್ವಾನನ ಲೆಕ್ಕದಲ್ಲಿ ತುಂಬು ಬೆಳದಿಂಗಳಿನ ವಯಸ್ಸು, ಹಾಗೇ ಹೋಯಿತು. ‘ಪ್ರಾಯದ ಅಲಿ’ ಎಂದು ನಾವು ಯಾರನ್ನು ಟೈಸನ್ನನ ಎದುರು ನಿಲ್ಲಿಸುತ್ತೇವೋ ಆ ಅಲಿಯನ್ನು ಯಾರೂ ನೋಡಿಲ್ಲ. ಹೋದ ಆ ಮೂರು ವರ್ಷಗಳನ್ನು ಅವನಿಗೆ ತಿರುಗಿ ಕೊಡುವ ಜಾಗ ಚಾದಂಗಡಿಯ ಬಾಕು ಒಂದೇ.

ಇದನ್ನು ಕೇಳಿ ಕಾಕಾ ತಮ್ಮ ಕಿವಿಯನ್ನೊಮ್ಮೆ ಸವರಿಕೊಂಡರು. ಅವರಿಗೂ ಹಿಡಿಯದೆ ಉಳಿದ ಕುಸ್ತಿಗಳಿದ್ದಾವು. ನಾನು ಕೇಳಲಿಲ್ಲ.

ಅಷ್ಟರಲ್ಲಿ ಸೊಲ್ಲಾಪುರದ ಬಸ್ಸು ಬಂತು. ಜಾತ್ರೆಯಲ್ಲಿ ಕುಸ್ತಿ ಸಮ ಬಿಡಿಸಿದರೆ ಜನ ಸಿಡುಕುತ್ತಾರೆ, ಕೊಟ್ಟ ರೊಕ್ಕ ಹಾಳೆನ್ನುತ್ತಾರೆ. ಇಲ್ಲಿ ಮಾತ್ರ ಸಮ ಆಗದಿದ್ದರೆ ನಾಳೆಗೆ ಏನೂ ಉಳಿಯುವುದಿಲ್ಲ. ಕಾಕಾ ಮೆಟ್ಟಿಲು ಹತ್ತಿ, ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದರು:

“ಮಣ್ಣಾದರ ಖಂಚನಾಳೆ, ಮ್ಯಾಟಾದರ ಸತ್ಪಾಲ್. ಅರ್ಧ ಮಣ್ಣು ಅರ್ಧ ಮ್ಯಾಟು ಹಾಸಿದರ ಏನಾಗ್ತದ, ನಾಳಿಗಿ ವಿಚಾರ ಮಾಡ್ಕೊಂಡು ಬಾ!”