ಹತ್ತು ಫ್ರೇಮಿನ ಗುದ್ದು

ಖಾನಾಪುರದಿಂದ ದಿನವೂ ಬೆಳಗಾವಿಗೆ ಓದಲು ಬರುವ ನನ್ನ ವಿದ್ಯಾರ್ಥಿಯೊಬ್ಬ ಒಂದು ಮಧ್ಯಾಹ್ನ ಪ್ರಯೋಗಾಲಯ ಖಾಲಿಯಾಗುವವರೆಗೆ ಕಾದು, "ಸರ್, ನನ್ನ ಕೈ ಭಾಳ ನಿಧಾನ ಅದಾವ್ರಿ. ಇದಕ್ಕೇನಾರ ಉಪಾಯ ಐತೇನ್ರಿ?" ಎಂದು ಕೇಳಿದ. ಯಾವ ಪ್ರಯೋಗಕ್ಕೆ ಎಂದೆ. ಪ್ರಯೋಗಕ್ಕಲ್ಲ, ಟೆಕ್ಕನ್ ಎಂಬ ಕಾಳಗದ ವಿಡಿಯೋ ಆಟಕ್ಕೆ. ರಾತ್ರಿ ಮನೆಯಲ್ಲಿ ಮೊಬೈಲಿನ ಅಂತರಜಾಲಕ್ಕೆ ಯಂತ್ರವನ್ನು ಜೋಡಿಸಿಕೊಂಡು ಯಾರಾರೊಂದಿಗೋ ಆಡುತ್ತಾನೆ, ದಿನವೂ ಸೋಲುತ್ತಾನೆ. ಕೈ ಚುರುಕಿಲ್ಲದವರಿಗೆ ಈ ಆಟವಲ್ಲ ಎಂದು ಗೆಳೆಯರು ತೀರ್ಪು ಕೊಟ್ಟಾಗಿದೆ. ಹುಡುಗ ಅದನ್ನು ನಂಬಿಯೂ ಆಗಿದೆ.

ಅಳೆಯದೆ ಕೊಟ್ಟ ತೀರ್ಪನ್ನು ಒಪ್ಪುವುದು ಭೌತವಿಜ್ಞಾನದ ಮೇಷ್ಟರಿಗೆ ಕಷ್ಟ. ಆದ್ದರಿಂದ ಕೆಲವು ತಿಂಗಳು ಈ ಆಟವನ್ನೂ ಅದನ್ನು ಕಲಿಯುವ ರೀತಿಯನ್ನೂ ಗಮನಿಸಿದೆ. ಈ ಲೇಖನ ಆ ಕಲಿಕೆಯ ವಿಮರ್ಶೆ. ಇಂಥ ಆಟಗಳು ಮಕ್ಕಳನ್ನು ಕೆಡಿಸುತ್ತವೆಯೇ ಎಂಬ ಚರ್ಚೆ ಬೇರೆಡೆ ಸಾಕಷ್ಟು ನಡೆದಿದೆ, ಇಲ್ಲಿ ಅದನ್ನು ಎತ್ತಿಕೊಂಡಿಲ್ಲ.

ತಿಳಿಯದವರಿಗಾಗಿ ಎರಡು ಮಾತು. ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆ 1991ರಲ್ಲಿ ತಂದ 'ಸ್ಟ್ರೀಟ್ ಫೈಟರ್ 2', ನಾಮ್ಕೊ ಸಂಸ್ಥೆ 1994ರಲ್ಲಿ ತಂದ 'ಟೆಕ್ಕನ್' ಈ ಜಾತಿಯ ಹೆಸರಾಂತ ಆಟಗಳು. ಪರದೆಯ ಮೇಲೆ ಇಬ್ಬರು ಜಟ್ಟಿಗಳು. ಒಬ್ಬೊಬ್ಬನನ್ನು ಒಬ್ಬೊಬ್ಬ ಆಟಗಾರ ಗುಂಡಿಗಳಿಂದ ನಡೆಸುತ್ತಾನೆ. ಚಿತ್ರ ಸೆಕೆಂಡಿಗೆ 60 ಬಾರಿ ಬದಲಾಗುತ್ತದೆ. ಒಂದು ಚಿತ್ರಕ್ಕೆ ಫ್ರೇಮು ಎನ್ನುತ್ತಾರೆ. ಅದರ ಅವಧಿ 16.7 ಮಿಲಿಸೆಕೆಂಡು. ಆಟದ ಲೆಕ್ಕವೆಲ್ಲ ಫ್ರೇಮುಗಳಲ್ಲೇ. ಟೆಕ್ಕನ್‌ನಲ್ಲಿ ಅತಿ ವೇಗದ ಸಾಮಾನ್ಯ ಗುದ್ದು ಗುಂಡಿ ಒತ್ತಿದ ಹತ್ತನೆಯ ಫ್ರೇಮಿಗೆ ತಾಗುತ್ತದೆ. ಕಾಲಿಗೆ ಹೊಡೆಯುವ ದೊಡ್ಡ ಏಟುಗಳಿಗೆ ಇಪ್ಪತ್ತು, ಅದಕ್ಕೂ ಹೆಚ್ಚು ಫ್ರೇಮು ಬೇಕು.

ಈಗ ಸ್ಕೇಲಿನ ಪ್ರಯೋಗ. ನೀವೂ ಮಾಡಿ ನೋಡಬಹುದು. ಗೆಳೆಯ 30 ಸೆಂ.ಮೀ. ಸ್ಕೇಲನ್ನು ಲಂಬವಾಗಿ ಹಿಡಿದಿರಲಿ. ಸೊನ್ನೆಯ ಗುರುತಿನ ಬಳಿ ನಿಮ್ಮ ಹೆಬ್ಬೆರಳು ಮತ್ತು ತೋರುಬೆರಳು ತೆರೆದಿರಲಿ. ಅವನು ಹೇಳದೆ ಬಿಟ್ಟಾಗ ಹಿಡಿಯಿರಿ. ಬಿದ್ದ ದೂರವು ಗುರುತ್ವ ವೇಗೋತ್ಕರ್ಷದ ಅರ್ಧವನ್ನು ಕಾಲದ ವರ್ಗದಿಂದ ಗುಣಿಸಿದಷ್ಟು ಇರುತ್ತದೆ. ಇದರಿಂದ ನಿಮ್ಮ ಪ್ರತಿಕ್ರಿಯಾ ಕಾಲ ಸಿಗುತ್ತದೆ. ನನ್ನ ವಿದ್ಯಾರ್ಥಿಯ ಹತ್ತು ಯತ್ನಗಳ ಸರಾಸರಿ 21 ಸೆಂ.ಮೀ., ಎಂದರೆ 207 ಮಿಲಿಸೆಕೆಂಡು. ಆರೋಗ್ಯವಂತ ಯುವಕರಲ್ಲಿ ಕಣ್ಣಿನಿಂದ ಕೈಗೆ ಸುಮಾರು 200ರಿಂದ 250 ಮಿಲಿಸೆಕೆಂಡು ಹಿಡಿಯುವುದು ಸಾಮಾನ್ಯ. ಅವನ ಕೈಗೆ ಏನೂ ಆಗಿರಲಿಲ್ಲ. ಅವನನ್ನು ದಿನವೂ ಸೋಲಿಸುವ, ಟಿಳಕವಾಡಿ ಕಡೆಯ ಇನ್ನೊಬ್ಬ ಹುಡುಗನದು 22 ಸೆಂ.ಮೀ.!

ಹತ್ತು ಫ್ರೇಮು ಎಂದರೆ 167 ಮಿಲಿಸೆಕೆಂಡು. ಅಷ್ಟರಲ್ಲಿ ಸ್ಕೇಲು 13.6 ಸೆಂ.ಮೀ. ಬೀಳುತ್ತದೆ. ಆ ಗುರುತಿನೊಳಗೆ ಪ್ರತಿ ಸಲವೂ ಹಿಡಿಯಬಲ್ಲವರು ನಮ್ಮ ವಿಭಾಗದಲ್ಲಿ ಒಬ್ಬರೂ ಸಿಗಲಿಲ್ಲ. ಅಂದಮೇಲೆ ಹತ್ತು ಫ್ರೇಮಿನ ಗುದ್ದನ್ನು ಯಾರೂ ಕಂಡು ತಡೆಯುವುದಿಲ್ಲ. ಬರುತ್ತದೆಂದು ಮೊದಲೇ ಊಹಿಸಿ ತಡೆಯುತ್ತಾರೆ. ಹಾಂಗ್‌ಝೌನಲ್ಲಿ 2023ರಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ 'ಸ್ಟ್ರೀಟ್ ಫೈಟರ್ 5' ಪದಕದ ಸ್ಪರ್ಧೆಯಾಗಿತ್ತು; ಭಾರತದಿಂದ ಮಯಾಂಕ್ ಪ್ರಜಾಪತಿ ಮತ್ತು ಅಯನ್ ಬಿಸ್ವಾಸ್ ಹೋಗಿದ್ದರು. ಚಿನ್ನ ಗೆದ್ದದ್ದು ದಕ್ಷಿಣ ಕೊರಿಯದ ಕಿಮ್ ಗ್ವಾನ್-ವೂ, ತಮ್ಮ 44ನೆಯ ವಯಸ್ಸಿನಲ್ಲಿ. ಪ್ರತಿಕ್ರಿಯೆಯ ವೇಗವೇ ಎಲ್ಲವೂ ಆಗಿದ್ದರೆ ಆ ಪದಕ ಇಪ್ಪತ್ತರ ಹುಡುಗನ ಕೊರಳಿಗೆ ಬೀಳಬೇಕಿತ್ತು.

ಊಹೆ ಎಂದರೆ ಅದೃಷ್ಟವಲ್ಲ. ಇಂಗ್ಲೆಂಡಿನ ಮನೋವಿಜ್ಞಾನಿ ಹಿಕ್ 1952ರಲ್ಲಿ ತೋರಿಸಿದಂತೆ, ಎದುರಿಗಿರುವ ಸಾಧ್ಯತೆಗಳು ಇಮ್ಮಡಿಯಾದಾಗಲೆಲ್ಲ ಪ್ರತಿಕ್ರಿಯಾ ಕಾಲಕ್ಕೆ ಹೆಚ್ಚುಕಡಿಮೆ ಒಂದೇ ಅಳತೆಯ ತುಂಡು ಸೇರುತ್ತದೆ. ಸ್ಕೇಲು ಬೀಳುವುದು ಕೆಳಕ್ಕೆ ಮಾತ್ರ, ಆದ್ದರಿಂದ 207 ಸಾಕಾಯಿತು. ಎದುರಾಳಿ ಎಂಟು ರೀತಿ ಹೊಡೆಯಬಲ್ಲವನಾದರೆ ಅದು ಸಾಲದು. ಆದರೆ 'ಇವನು ಹಿಂದೆ ಸರಿದ ಮೇಲೆ ಕಾಲಿಗೇ ಹೊಡೆಯುತ್ತಾನೆ' ಎಂದು ಗೊತ್ತಿದ್ದರೆ ಎಂಟು ಎರಡಕ್ಕೆ ಇಳಿಯುತ್ತದೆ, ಕಾಲ ತಾನಾಗಿಯೇ ಉಳಿಯುತ್ತದೆ. ಅಭ್ಯಾಸದಿಂದ ಬೆಳೆಯುವುದು ಈ ಅರಿವು. ಎದುರಾಳಿಯ ರೂಢಿಗಳು ಕಣ್ಣಿಗೆ ಸ್ಪಷ್ಟವಾಗಿ ಬೀಳುವಲ್ಲಿ ಮಾತ್ರ ಅದು ಬೆಳೆಯುತ್ತದೆ.

ಖಾನಾಪುರದ ಮನೆಯಲ್ಲಿ ಅವು ಬೀಳುತ್ತಿದ್ದವೇ? ಇಪ್ಪತ್ತು ಫ್ರೇಮಿನ ಏಟಿನ ಜಮಾ-ಖರ್ಚು ಹಾಕೋಣ. ಜಮಾ 333 ಮಿಲಿಸೆಕೆಂಡು. ಹುಡುಗನ ಕೈಗೆ 207 ಖರ್ಚು; ಉಳಿದದ್ದು 126. ಮನೆಯ ಟಿ.ವಿ. ಚಿತ್ರವನ್ನು ಅಂದಗೊಳಿಸಿ ತೋರಿಸಲು ಸಮಯ ತೆಗೆದುಕೊಳ್ಳುತ್ತದೆ. ಅದಕ್ಕೆ 50 ಎನ್ನಿ. ಉಳಿದದ್ದು 76. ಅಂತರಜಾಲದಲ್ಲಿ ಸಂಕೇತ ಒಂದು ದಿಕ್ಕಿಗೆ ಸಾಗಲು ಸಂಜೆಯ ಹೊತ್ತು 80ರ ಆಸುಪಾಸು ಬೇಕಾಗುತ್ತಿತ್ತು. ಅಲ್ಲಿಗೆ ಲೆಕ್ಕ ಋಣಕ್ಕೆ ಇಳಿಯಿತು. ಹಿಕ್ ಹೇಳಿದ ಖರ್ಚನ್ನಾಗಲೀ ಗುಂಡಿಯೊತ್ತು ಆಟದೊಳಗೆ ಜಾರಿಯಾಗಲು ಹಿಡಿಯುವ ಫ್ರೇಮುಗಳನ್ನಾಗಲೀ ನಾನಿನ್ನೂ ಸೇರಿಸಿಯೇ ಇಲ್ಲ. ಕಂಡು ತಡೆಯಬಹುದಾದ ಏಟನ್ನು ಹುಡುಗ ತಡೆಯಲಾರದೆ, ತಪ್ಪು ತನ್ನ ಕೈಯದೆಂದು ತಿಳಿದಿದ್ದ.

ದೂರದ ಊರಲ್ಲವೇ, ತಡವಾಗುವುದು ಸಹಜ ಎನ್ನಬೇಡಿ. ದ್ಯುತಿತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಖಾನಾಪುರದಿಂದ ಬೆಳಗಾವಿಗೆ ಸುಮಾರು 25 ಕಿ.ಮೀ.; ಬೆಳಕಿಗೆ ಅದು ಮಿಲಿಸೆಕೆಂಡಿನ ಎಂಟನೆಯ ಒಂದು ಭಾಗ. ಸಂಕೇತ 500 ಕಿ.ಮೀ. ದೂರದ ಬೆಂಗಳೂರಿಗೆ ಹೋಗಿ ತಿರುಗಿ ಬಂದರೂ 5 ಮಿಲಿಸೆಕೆಂಡು ಸಾಕು. ಉಳಿದದ್ದೆಲ್ಲ ಮೊಬೈಲ್ ಗೋಪುರದಲ್ಲಿ, ದಾರಿಯ ಕವಲುಯಂತ್ರಗಳಲ್ಲಿ ಸರತಿಯಲ್ಲಿ ನಿಂತು ಕಳೆದ ಕಾಲ.

ಅದರಲ್ಲೂ ಕೆಟ್ಟದ್ದು ವಿಳಂಬವಲ್ಲ, ವಿಳಂಬದ ಏರಿಳಿತ. ಪದವಿ ತರಗತಿಯಲ್ಲಿ ಎರಡು ಬಗೆಯ ದೋಷಗಳನ್ನು ಹೇಳಿಕೊಡುತ್ತೇವೆ. ಮಾಪಕದ ಸೊನ್ನೆ ಸರಿಯಿಲ್ಲದಿದ್ದರೆ ಅದು ಕ್ರಮಬದ್ಧ ದೋಷ. ಗೊತ್ತಾದ ಮೇಲೆ ಕಳೆದುಬಿಡಬಹುದು. ಒಂದೊಂದು ಸಲ ಒಂದೊಂದು ರೀತಿ ತೋರಿಸಿದರೆ ಅದು ಯಾದೃಚ್ಛಿಕ ದೋಷ, ಕಳೆಯಲಾಗದು. ಯಾವಾಗಲೂ 80 ಮಿಲಿಸೆಕೆಂಡು ತಡವಾದರೆ ಕೈ ಹೇಗೋ ಹೊಂದಿಕೊಂಡೀತು. ಒಮ್ಮೆ 40, ಮರುಗಳಿಗೆ 120 ಆದರೆ ಯಾವ ಅಭ್ಯಾಸವೂ ಕೈಗೆ ಕೂರದು. ಅಮೆರಿಕದ ಟೋನಿ ಕ್ಯಾನನ್ 2006ರಲ್ಲಿ ಇದಕ್ಕೊಂದು ಜಾಣ ಪರಿಹಾರ ತಂದರು. ಎದುರಾಳಿಯ ಸಂಕೇತಕ್ಕೆ ಕಾಯದೆ, ಅವನು ಹಿಂದಿನಂತೆಯೇ ಮುಂದುವರಿದಿದ್ದಾನೆ ಎಂದು ಯಂತ್ರವೇ ಊಹಿಸಿ ಆಟ ನಡೆಸುತ್ತದೆ. ಊಹೆ ತಪ್ಪಾದರೆ ಹಿಂದಕ್ಕೆ ಹೋಗಿ ತಿದ್ದುತ್ತದೆ. ಆಟವೇನೋ ಸರಾಗವಾಗುತ್ತದೆ. ಆದರೆ ತಿದ್ದುಪಡಿಯಾಗುವಾಗ ಏಟಿನ ಮೊದಲ ಕೆಲವು ಫ್ರೇಮುಗಳು ಕಾಣದೆ ಹಾರಿಹೋಗುತ್ತವೆ. ಕಲಿಯುವವನಿಗೆ ಎಲ್ಲಕ್ಕಿಂತ ಬೇಕಾದದ್ದು ಆ ಆರಂಭವೇ.

ಆಟ ತಯಾರಿಸಿದವರು ಕೊಡುವ ಪಾಠವನ್ನೂ ನೋಡಬೇಕು. 'ಟೆಕ್ಕನ್ 7'ರಲ್ಲಿ ಫ್ರೇಮುಗಳ ಲೆಕ್ಕ ತೋರಿಸುವ ಸೌಲಭ್ಯವನ್ನು 2020ರಲ್ಲಿ ಬೇರೆ ಹಣ ಪಡೆದು ಮಾರಿದರು. ಪ್ರಯೋಗಾಲಯಕ್ಕೆ ಶುಲ್ಕ ಕಟ್ಟಿಸಿಕೊಂಡು ಅಳತೆಪಟ್ಟಿಗೆ ಮತ್ತೆ ಬಾಡಿಗೆ ಕೇಳಿದ ಹಾಗಾಯಿತು. 2024ರ ಜನವರಿಯಲ್ಲಿ ಬಂದ 'ಟೆಕ್ಕನ್ 8'ರಲ್ಲಿ ಅದು ಆಟದೊಳಗೇ ಇದೆ. ಆಡಿದ ಪಂದ್ಯವನ್ನು ಮತ್ತೆ ಹಾಕಿ ನೋಡಬಹುದು, ನಮ್ಮ ರೂಢಿಗಳನ್ನು ಕಲಿತು ನಮ್ಮಂತೆಯೇ ಆಡುವ 'ಭೂತ'ವೊಂದರ ಜೊತೆ ಹೊಡೆದಾಡಬಹುದು. ಇವೆಲ್ಲ ಒಳ್ಳೆಯವೇ, ಪಂದ್ಯವನ್ನು ನಿಲ್ಲಿಸಿ ನೋಡುವ ಸೌಲಭ್ಯವಂತೂ ತರಗತಿಯಲ್ಲಿ ಬಳಸಲು ಯೋಗ್ಯ. ನನ್ನ ಆಕ್ಷೇಪ ಭೂತದ ಬಗ್ಗೆ. ಅದು ಏನು ಮಾಡುತ್ತದೆಂದು ತೋರಿಸುತ್ತದೆ, ಏಕೆ ಮಾಡಿತೆಂದು ಕೇಳಿದರೆ ಹೇಳದು. ಇನ್ನು ಬಿಡುವಿಲ್ಲದೆ ಹತ್ತು ಏಟು ಹೊಡೆಯುವ ಸರಣಿಗಳನ್ನು ಗಂಟೆಗಟ್ಟಲೆ ಉರು ಹೊಡೆಸುವ ಉಪದೇಶದ ವಿಡಿಯೋಗಳು ಶುದ್ಧ ದಾರಿ ತಪ್ಪಿಸುವಂಥವು. ನನ್ನ ವಿದ್ಯಾರ್ಥಿಗೆ ಅಂಥ ಸರಣಿಗಳು ಬೇಕಾದಷ್ಟು ಬಾಯಿಪಾಠವಾಗಿದ್ದವು. ಸರಣಿಯ ಮೊದಲ ಏಟು ಮಾತ್ರ ಯಾರಿಗೂ ತಾಗುತ್ತಿರಲಿಲ್ಲ.

ಒಂದೇ ಕೋಣೆಯಲ್ಲಿ ಕುಳಿತು ಆಡಿದರೆ ಏನಾಗುತ್ತದೆ ಎಂಬುದಕ್ಕೆ ಲಾಹೋರ್ ಸಾಕ್ಷಿ. ಅಲ್ಲಿನ ಅರ್ಸಲಾನ್ ಆಶ್ 2019ರಲ್ಲಿ ಜಪಾನಿನಲ್ಲೂ ಅಮೆರಿಕದಲ್ಲೂ 'ಇವೊ' ಎಂಬ ದೊಡ್ಡ ಟೆಕ್ಕನ್ ಸ್ಪರ್ಧೆಗಳನ್ನು ಗೆದ್ದರು. ನಮ್ಮಲ್ಲಿ ನನ್ನಂಥವರು ಇನ್ನೂ ಇದ್ದಾರೆ ಎಂದರು. ಪರೀಕ್ಷಿಸಲು ಅದೇ ವರ್ಷ ಕೊರಿಯದ ಪ್ರಖ್ಯಾತ ಆಟಗಾರ 'ನೀ' ಪಾಕಿಸ್ತಾನಕ್ಕೆ ಹೋಗಿ, ಹೊರಗೆ ಹೆಸರೇ ಕೇಳಿರದ ಹುಡುಗರ ಕೈಯಲ್ಲಿ ಸೋತು ಬಂದರು. ಹೊರಜಗತ್ತಿನೊಡನೆ ಆಡುವ ಅವಕಾಶ ಕಡಿಮೆಯಿದ್ದ ಊರು ತನ್ನೊಳಗೇ ಹುಟ್ಟಿಸಿಕೊಂಡ ಕಸುವು ಅದು.

ಬೆಳಗಾವಿಯವರಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ಇದು ತಾಲೀಮುಗಳ ಊರು; ಆನಂದವಾಡಿಯ ಆಖಾಡದಲ್ಲಿ ಕುಸ್ತಿ ಇದ್ದ ದಿನ ಜನಸಾಗರ ಸೇರುತ್ತದೆ. ತಾಲೀಮಿನ ಕೆಂಪು ಮಣ್ಣಿನಲ್ಲಿ ಪೈಲ್ವಾನ ಎದುರಾಳಿಯ ಕುತ್ತಿಗೆಯ ಮೇಲೆ ಕೈಯಿಟ್ಟುಕೊಂಡೇ ಆಡುತ್ತಾನೆ. ಅವನು ಭಾರ ಯಾವ ಕಾಲಿಗೆ ಬದಲಿಸಿದ ಎಂಬ ಸುದ್ದಿ ಚರ್ಮದ ಮೂಲಕ ಬರುತ್ತದೆ. ಸ್ಪರ್ಶಕ್ಕೆ ದೇಹ ಪ್ರತಿಕ್ರಿಯಿಸುವುದು ನೋಟಕ್ಕಿಂತ ಬೇಗ. ಪಟ್ಟು ಬೀಳುವ ಮೊದಲೇ ಅದರ ವಾಸನೆ ಹಿಡಿಯುವುದನ್ನು ವಸ್ತಾದರು ಕಲಿಸುವುದು ಹೀಗೆ. ಟಿ.ವಿ.ಯ ಮುಂದೆ ಭುಜಕ್ಕೆ ಭುಜ ತಾಗಿಸಿ ಕುಳಿತ ಹುಡುಗರಿಗೂ ಇದರ ಒಂದು ಪಾಲು ಸಿಗುತ್ತದೆ. ಪಕ್ಕದವನು ಉಸಿರು ಬಿಗಿಹಿಡಿದದ್ದು ಗೊತ್ತಾಗುತ್ತದೆ, ಗುಂಡಿಯ ಸದ್ದು ಕೇಳುತ್ತದೆ. ಆಟ ಮುಗಿದ ಮೇಲೆ "ಆಗ ಯಾಕ ಕುಂತಿ?" ಎಂದು ಕೇಳಿದರೆ ಉತ್ತರವೂ ಬರುತ್ತದೆ.

ಹಾಗೆಂದು ಒಂದೇ ಕೋಣೆಯಲ್ಲಿ ಸೇರಿದ ಮಾತ್ರಕ್ಕೆ ಕಲಿಕೆ ಆಯಿತೆನ್ನಲಾಗದು. ಈ ಹುಡುಗರು ಭಾನುವಾರ ಮಧ್ಯಾಹ್ನ ಬೆಳಗಾವಿಯ ಒಬ್ಬನ ಮನೆಯಲ್ಲಿ ಸೇರತೊಡಗಿದಾಗ ನಾನೂ ಒಮ್ಮೆ ನೋಟ್‌ಬುಕ್ ಹಿಡಿದು ಹೋಗಿ ಕುಳಿತೆ. ಐವರು ಹುಡುಗರು, ಒಂದು ಯಂತ್ರ. ಗೆದ್ದವನು ಕೂತಿರಬೇಕು, ಸೋತವನು ಏಳಬೇಕು ಎಂಬ ಹಳೆಯ ವಿಡಿಯೋ ಪಾರ್ಲರಿನ ನಿಯಮ. ಆದ ಆಟ 60. ಎಲ್ಲರಿಗಿಂತ ಬಲ್ಲವನು ಆಡಿದ್ದು 41, ಖಾನಾಪುರದವನು 9. ಯಾರಿಗೆ ಅಭ್ಯಾಸ ಬೇಕೋ ಅವನಿಗೇ ಅದು ಕಡಿಮೆ ಸಿಗುವ ಏರ್ಪಾಟು! ಆ ನಿಯಮ ಪಾರ್ಲರಿನ ಮಾಲೀಕನಿಗೆ ಹುಟ್ಟಿದ್ದು. ಸೋತವನು ಮತ್ತೊಂದು ನಾಣ್ಯ ಹಾಕಬೇಕಿತ್ತಲ್ಲ. ತಾಲೀಮಿನಲ್ಲಿ ಹೀಗೆ ನಡೆಯದು. ಜೋಡಿ ಕಟ್ಟುವವರು ವಸ್ತಾದರು. ಹಿರಿಯ ಪೈಲ್ವಾನ ಒಬ್ಬರಾದ ಮೇಲೊಬ್ಬ ಕಿರಿಯರನ್ನು ಎತ್ತಿಕೊಂಡು ಆಡಿಸುತ್ತಾನೆ. ಎಳೆಯನು ಹತ್ತು ಸಲ ಬಿದ್ದರೂ ಮಣ್ಣಿನಿಂದ ಆಚೆ ಕಳಿಸುವುದಿಲ್ಲ.

ನಾನು ಸೂಚಿಸಿದ ಬದಲಾವಣೆ ಸಣ್ಣದು. ಗೆಲುವು ಸೋಲು ಏನೇ ಇರಲಿ, ಒಂದು ಜೋಡಿಗೆ ಸತತ ಹತ್ತು ಆಟ. ಬಳಿಕ ಐದು ನಿಮಿಷ ಪಂದ್ಯವನ್ನು ಮತ್ತೆ ಹಾಕಿ ಮಾತು. ಬಳಿಕ ಜೋಡಿ ಬದಲು. ಟಿ.ವಿ.ಯ ಬದಲು ಕಂಪ್ಯೂಟರಿನ ಮಾನಿಟರ್. ಅದು ಸಿಗದ ದಿನ ಟಿ.ವಿ.ಯನ್ನು 'ಗೇಮ್ ಮೋಡ್'ಗೆ ಹಾಕಿದರೂ ವಿಳಂಬ ಎದ್ದು ಕಾಣುವಷ್ಟು ಇಳಿಯುತ್ತದೆ.

ಒಂದು ಅಪಾಯ ಉಳಿದೇ ಇದೆ, ಅದನ್ನು ಮುಚ್ಚಿಡಬಾರದು. ಐವರೇ ಸದಾ ಆಡುತ್ತಿದ್ದರೆ ಐವರ ರೂಢಿಗಳಷ್ಟೇ ತಿಳಿಯುತ್ತವೆ. ಇಡೀ ಕೋಣೆಗೇ ಒಂದು ಕ್ರಮಬದ್ಧ ದೋಷ ಅಂಟಿಕೊಳ್ಳುತ್ತದೆ. ಒಳಗಿರುವವರಿಗೆ ಅದು ಕಾಣುವುದಿಲ್ಲ. ನೆರೆಯ ಸಾತಾರಾ ಸೀಮೆಯ ಖಾಶಾಬಾ ಜಾಧವ್ ಕೊಲ್ಹಾಪುರದ ಮಣ್ಣಿನಲ್ಲಿ ಪಳಗಿದವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ರೂಢಿಯಿಲ್ಲದ ಮ್ಯಾಟಿನ ಮೇಲೆ, ರೂಢಿಯಿಲ್ಲದ ನಿಯಮಗಳಲ್ಲಿ ಆಡಿ ಆರನೆಯವರಾದರು. ಕಾಲು ಊರುವ ನೆಲದ ಘರ್ಷಣೆ ಬೇರೆ, ಬಿದ್ದವನನ್ನು ಎಣಿಸುವ ರೀತಿ ಬೇರೆ. ಅದನ್ನು ಅರಿತು ತಿದ್ದಿಕೊಂಡ ಮೇಲೆ 1952ರ ಹೆಲ್ಸಿಂಕಿಯಲ್ಲಿ ಕಂಚು ಬಂತು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಅದು. ನಮ್ಮ ಆಖಾಡಗಳು ಮಹಾರಾಷ್ಟ್ರದಿಂದ, ಹರಿಯಾಣದಿಂದ ಪೈಲ್ವಾನರನ್ನು ಕರೆಸುವುದು ಜನ ಸೇರಲಿ ಎಂದಷ್ಟೇ ಅಲ್ಲ. ಭಾನುವಾರದ ಹುಡುಗರಿಗೂ ಧಾರವಾಡದಿಂದಲೋ ಕೊಲ್ಹಾಪುರದಿಂದಲೋ ತಿಂಗಳಿಗೊಬ್ಬ ಅಪರಿಚಿತನನ್ನು ಕರೆಸಿರಿ ಎಂದಿದ್ದೇನೆ. ಅಂತರಜಾಲದ ಆಟಕ್ಕೂ ಸರಿಯಾದ ಜಾಗ ಇದೇ: ಹೊಸ ರೂಢಿಗಳನ್ನು ನೋಡುವುದಕ್ಕೆ ಅದು ಆಗುತ್ತದೆ, ಕೈ ಅಳೆಯುವುದಕ್ಕಲ್ಲ.

ನಾಲ್ಕು ತಿಂಗಳ ಬಳಿಕ ಮತ್ತೆ ಹೋಗಿ ಎಣಿಸಿದೆ. ಟಿಳಕವಾಡಿಯ ಹುಡುಗನೊಡನೆ ಆಡಿದ ಹತ್ತು ಆಟಗಳಲ್ಲಿ ಖಾನಾಪುರದವನು ನಾಲ್ಕು ಗೆದ್ದ. ಮೊದಲ ದಿನ ಒಂದೂ ಇರಲಿಲ್ಲ. ಸಂಜೆಯ ಬಸ್ಸಿಗೆ ಹೊರಡುವ ಮುನ್ನ ತಾನಾಗಿಯೇ ಸ್ಕೇಲು ತಂದು ನನ್ನ ಕೈಗೆ ಕೊಟ್ಟ. ಹತ್ತು ಸಲ ಬಿಟ್ಟೆ. ಸರಾಸರಿ 20.5 ಸೆಂ.ಮೀ. ಬಂತು.