ಹಾಸ್ಯನಟಿ ಉಮಾಶ್ರೀ ಮತ್ತು ಮಂಡ್ಯ ಸೀಮೆಯ ನುಡಿ

ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಹಾಸ್ಯರಸವನ್ನು ನಿರೂಪಿಸುತ್ತ, ಆ ರಸವು ಸ್ತ್ರೀಯರಲ್ಲಿಯೂ ನೀಚಪ್ರಕೃತಿಯ ಪಾತ್ರಗಳಲ್ಲಿಯೂ ಹೆಚ್ಚಾಗಿ ಕಾಣಬರುವುದೆಂದು ಹೇಳಿರುವನು. ಸ್ತ್ರೀಯನ್ನೂ ನೀಚನನ್ನೂ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿದ ಈ ಮಾತು ಇಂದಿನ ವಾಚಕರಿಗೆ ರುಚಿಸಲಾರದು. ಆದರೆ ಕನ್ನಡದ ಚಲನಚಿತ್ರಗಳ ನಡೆವಳಿಕೆಯನ್ನು ಪರಿಶೀಲಿಸಿದರೆ, ನಾಟ್ಯಶಾಸ್ತ್ರವನ್ನು ಕಣ್ಣಿನಿಂದ ಕಾಣದವರೂ ಈ ಸೂತ್ರವನ್ನು ಅನುಸರಿಸಿಯೇ ನಡೆದಿರುವರೆಂದು ತೋರುವುದು. ನಾಯಿಕೆಗೆ ಶೃಂಗಾರ, ತಾಯಿಗೆ ಕರುಣ. ಹಾಸ್ಯವೋ ಮನೆಗೆಲಸದವಳಿಗೆ, ಜಗಳಗಂಟಿಗೆ, ಗಯ್ಯಾಳಿಗೆ. ಇದರೊಡನೆ ನಮ್ಮವರು ತಮ್ಮದೊಂದು ವಿಧಿಯನ್ನೂ ಸೇರಿಸಿಕೊಂಡರು. ನಾಯಿಕೆಯು ಗ್ರಂಥಸ್ಥ ಭಾಷೆಗೆ ಸಮೀಪವಾದ ಕನ್ನಡವನ್ನಾಡುವಳು. ನಗಿಸುವ ಹೆಂಗಸು ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆಯ ಒಕ್ಕಲಮನೆಯ ಮಾತನ್ನಾಡುವಳು.

ಈ ಮೂರು ಕಟ್ಟುಗಳೊಳಗೆ, ಎಂದರೆ ಸ್ತ್ರೀತ್ವ, ಕೆಳವರ್ಗದ ಪಾತ್ರ, ಗ್ರಾಮ್ಯಭಾಷೆ ಇವುಗಳೊಳಗೆ, ದೀರ್ಘಕಾಲ ದುಡಿದು, ಕೊನೆಗೆ ಆ ಕಟ್ಟುಗಳನ್ನೇ ಸಡಿಲಿಸಿದ ನಟಿ ಶ್ರೀಮತಿ ಉಮಾಶ್ರೀಯವರು. ಅವರ ಕಲೆಯ ವಿಚಾರವಾಗಿ ವಿದ್ವಾಂಸರಲ್ಲಿ ಒಂದು ಅಭಿಪ್ರಾಯವು ರೂಢಿಯಾಗಿದೆ. ರಂಗಭೂಮಿಯಲ್ಲಿ ಅವರು ಶ್ರೇಷ್ಠರು; ಚಿತ್ರಗಳ ಹಾಸ್ಯಪಾತ್ರಗಳಲ್ಲಿ ಅವರ ಶಕ್ತಿಯು ಪೋಲಾಯಿತು; ‘ಗುಲಾಬಿ ಟಾಕೀಸ್’ ಚಿತ್ರದಿಂದ ಅವರ ಉದ್ಧಾರವಾಯಿತು ಎಂಬುದೇ ಆ ಅಭಿಪ್ರಾಯ. ಪತನ ಮತ್ತು ಉದ್ಧಾರಗಳ ಈ ಕಥೆಯು ಕೇಳುವುದಕ್ಕೆ ಸೊಗಸಾಗಿದ್ದರೂ ವಿಮರ್ಶೆಗೆ ನಿಲ್ಲತಕ್ಕುದಲ್ಲವೆಂದೂ, ಹಾಸ್ಯದಲ್ಲಿ ಅವರು ಪಳಗಿಸಿಕೊಂಡ ಸಾಧನವೇ ಕರುಣದಲ್ಲಿಯೂ ಕೆಲಸಮಾಡಿತೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಪೂರ್ವೇತಿಹಾಸವನ್ನು ಸಂಕ್ಷೇಪವಾಗಿ ನೋಡಬಹುದು. ಗುಬ್ಬಿ ವೀರಣ್ಣನವರ ಮಂಡಲಿಯು ಸ್ತ್ರೀಪಾತ್ರಗಳಿಗೆ ಸ್ತ್ರೀಯರನ್ನೇ ರಂಗಕ್ಕೆ ತಂದ ಮುಖ್ಯ ಸಂಸ್ಥೆಗಳಲ್ಲಿ ಒಂದು. ಮಳವಳ್ಳಿ ಸುಂದರಮ್ಮ, ಬಿ. ಜಯಮ್ಮ ಮೊದಲಾದವರು ಅಲ್ಲಿ ಹೆಸರು ಪಡೆದರು. ಆದರೆ ಆ ಮಂಡಲಿಯ ಹಾಸ್ಯದ ಸಿಂಹಾಸನವು ವೀರಣ್ಣನವರದೇ ಆಗಿತ್ತು. ‘ಸದಾರಮೆ’ ನಾಟಕದಲ್ಲಿ ಜನರನ್ನು ನಗಿಸುವವನು ಕಳ್ಳ, ಸದಾರಮೆಯಲ್ಲ. ನಮ್ಮ ಮೂಡಲಪಾಯ ಬಯಲಾಟದಲ್ಲಿಯೂ ನಗೆಯ ಅಧಿಕಾರವು ಹನುಮನಾಯಕನೆಂಬ ಪುರುಷಪಾತ್ರದ್ದು. ಹಾಸ್ಯವು ಆತ್ಮಸ್ಥ, ಪರಸ್ಥ ಎಂದು ಎರಡು ಬಗೆಯೆಂದು ಶಾಸ್ತ್ರವು ಹೇಳುವುದು: ತಾನೇ ನಗುವುದು ಒಂದು, ಪರರನ್ನು ನಗಿಸುವುದು ಇನ್ನೊಂದು. ಲೋಕವ್ಯವಹಾರದಲ್ಲಿ ಮೂರನೆಯದೊಂದಿದೆ, ಅದು ಪರರ ನಗೆಗೆ ಗುರಿಯಾಗುವುದು. ನಮ್ಮ ಹೆಂಗಸರ ಪಾಲಿಗೆ ಬಹುಕಾಲ ಬಂದುದು ಈ ಮೂರನೆಯದೇ.

ಉಮಾಶ್ರೀಯವರು 1957ರಲ್ಲಿ ತುಮಕೂರು ಜಿಲ್ಲೆಯ ತಿಪಟೂರು ತಾಲ್ಲೂಕಿನ ನೊಣವಿನಕೆರೆಯಲ್ಲಿ ಜನಿಸಿದರು. ಅವರ ಕಲಾಜೀವನದ ತಳಹದಿ ಹವ್ಯಾಸಿ ರಂಗಭೂಮಿ. ದೇವನೂರ ಮಹಾದೇವರ ‘ಒಡಲಾಳ’ವನ್ನು ಸಿ. ಜಿ. ಕೃಷ್ಣಸ್ವಾಮಿಯವರು ರಂಗಕ್ಕೆ ತಂದಾಗ ಉಮಾಶ್ರೀಯವರು ವಹಿಸಿದ ಸಾಕವ್ವನ ಪಾತ್ರವು ಕನ್ನಡ ರಂಗೇತಿಹಾಸದಲ್ಲಿ ನಿಂತುಹೋಗಿದೆ. ಇಲ್ಲಿ ವಾಚಕರು ಒಂದು ಅಂಶವನ್ನು ಲಕ್ಷಿಸಬೇಕು. ಸಾಕವ್ವನನ್ನು ಕರುಣಪಾತ್ರವೆಂದು ಕರೆಯುವುದು ವಾಡಿಕೆ. ಕೃತಿಯ ಘಟನೆಗಳಾದರೋ ಹಾಸ್ಯದವು. ಮುದುಕಿಯೊಬ್ಬಳು ಕಳೆದುಹೋದ ತನ್ನ ಹುಂಜಕ್ಕಾಗಿ ಊರೆಲ್ಲ ಅಲೆಯುತ್ತಾಳೆ. ಸಾಹುಕಾರನ ಉಗ್ರಾಣದಿಂದ ಕದ್ದು ತಂದ ಕಡಲೆಕಾಯಿಯನ್ನು ಮನೆಮಂದಿಯೆಲ್ಲ ಕುಳಿತು ರಾತ್ರಿಯೆಲ್ಲ ತಿಂದು ಮುಗಿಸುತ್ತಾರೆ. ನಗುತ್ತಿರುವಂತೆಯೇ ನಗೆಯು ಗಂಟಲಲ್ಲಿ ಸಿಕ್ಕಿಕೊಳ್ಳುವುದು, ಹೊಟ್ಟೆತುಂಬ ತಿಂದ ಆ ಒಂದು ರಾತ್ರಿಯ ಹಿಂದೆ ಎಷ್ಟು ಹಸಿದ ರಾತ್ರಿಗಳಿದ್ದುವೆಂಬುದು ಹೊಳೆದಾಗ. ಹಾಸ್ಯವು ಕರುಣಕ್ಕೆ ವಿರೋಧಿಯೆಂದು ನಮ್ಮ ಆಲಂಕಾರಿಕರು ಹೇಳಿದ್ದಾರೆ. ಆದರೆ ಎಲ್ಲ ರಸಗಳ ಆಭಾಸವೂ ಹಾಸ್ಯಕ್ಕೆ ಕಾರಣವಾಗುವುದೆಂದು ಅಭಿನವಗುಪ್ತನು ಹೇಳಿರುವನು; ಕರುಣದ ಆಭಾಸವೂ ಅದರಲ್ಲಿ ಸೇರಿದೆ. ಹುಂಜಕ್ಕಾಗಿ ಅಳುವ ಮುದುಕಿ ಕರುಣಾಭಾಸವೆಂದು ನಾವು ನಗಲಾರಂಭಿಸುತ್ತೇವೆ; ಅದು ಆಭಾಸವಲ್ಲ, ನಿಜವಾದ ಕರುಣವೆಂದು ನಟಿಯು ತೋರಿಸಿಕೊಡುತ್ತಾಳೆ. ನಗೆಯು ಮೊದಲು ಬಾರದಿದ್ದರೆ ಈ ಕಾರ್ಯವು ಸಾಧ್ಯವಾಗುತ್ತಿರಲಿಲ್ಲ.

ಇನ್ನು ಚಲನಚಿತ್ರಗಳ ವಿಚಾರ. ಕಾಶೀನಾಥರ ‘ಅನುಭವ’ (1984) ಚಿತ್ರವು ಉಮಾಶ್ರೀಯವರಿಗೆ ಪ್ರಸಿದ್ಧಿಯನ್ನೂ ಒಂದು ಮುದ್ರೆಯನ್ನೂ ತಂದಿತು. ಅಲ್ಲಿಂದ ಮುಂದೆ ಅನೇಕ ವರ್ಷಗಳವರೆಗೆ ಎನ್. ಎಸ್. ರಾವ್ ಮೊದಲಾದವರೊಡನೆ ಅವರಿಗೆ ದೊರೆತ ಪಾತ್ರಗಳಲ್ಲಿ ಬಹುಪಾಲು ದ್ವಂದ್ವಾರ್ಥದ ಸಂಭಾಷಣೆಯನ್ನೇ ನೆಚ್ಚಿದವು. ಈ ಸಂಭಾಷಣೆಗಳನ್ನು ಸಮರ್ಥಿಸುವುದು ನಮ್ಮ ಉದ್ದೇಶವಲ್ಲ. ಶ್ಲೇಷವೂ ದ್ವಂದ್ವಾರ್ಥವೇ ಅಲ್ಲವೆ ಎಂದು ಕೆಲವರು ಕೇಳಬಹುದು. ಶ್ಲೇಷದಲ್ಲಿ ಎರಡು ಅರ್ಥಗಳೂ ತಮ್ಮ ತಮ್ಮ ಭಾರವನ್ನು ಹೊತ್ತು ನಿಲ್ಲುವುವು. ಇಂತಹ ಸಂಭಾಷಣೆಯಲ್ಲಿ ಒಂದರ್ಥವು ಕೇವಲ ತೆರೆ, ಇನ್ನೊಂದೇ ಸರಕು. ಆ ಸರಕು ಬಹಳ ವೇಳೆ ಹೆಂಗಸಿನ ಶರೀರವೇ ಆಗಿರುವುದರಿಂದ, ವ್ರೀಡೆ, ಜುಗುಪ್ಸೆ, ಅಮಂಗಳಗಳೆಂಬ ಅಶ್ಲೀಲದ ಮೂರು ಬಗೆಗಳಲ್ಲಿ ಮೊದಲನೆಯದಕ್ಕೆ ಅದು ಸೇರತಕ್ಕುದೆಂಬುದು ನಿರ್ವಿವಾದ. ಆದರೆ ದೋಷವು ವಾಕ್ಯದ್ದೆಂದೂ ವಾಕ್ಯವು ನಟಿಯು ರಚಿಸಿದುದಲ್ಲವೆಂದೂ ಮರೆಯಲಾಗದು. ನಮ್ಮ ವಿಮರ್ಶಕರು ಬರೆದವನಿಗೂ ಚಿತ್ರಿಸಿದವನಿಗೂ ವಿಧಿಸದ ದಂಡವನ್ನು ಆಡಿದವಳಿಗೆ ವಿಧಿಸಿದರು.

ಹಾಗಾದರೆ ಅಂತಹ ಪಾತ್ರಗಳಲ್ಲಿ ನಟಿಯದೆಂದು ಹೇಳತಕ್ಕುದು ಏನಿತ್ತು? ಮುಖ್ಯವಾಗಿ ಮೂರು ಗುಣಗಳನ್ನು ಹೇಳಬಹುದು. ಮೊದಲನೆಯದು ಮಾತಿನ ಕಾಲಜ್ಞಾನ. ಒಂದು ಮಾತು ನಗೆಯನ್ನು ಹುಟ್ಟಿಸುವುದು ಅದರ ಅರ್ಥದಿಂದ ಮಾತ್ರವಲ್ಲ, ಅದಕ್ಕೆ ಮುಂಚೆ ಬಿಟ್ಟ ಅವಕಾಶದಿಂದ. ಉಮಾಶ್ರೀಯವರು ಎದುರಾಳಿಯ ಮಾತು ಮುಗಿದೊಡನೆ ಉತ್ತರ ಕೊಡುವುದಿಲ್ಲ. ಕೇಳಿದುದನ್ನು ಒಮ್ಮೆ ಒಳಕ್ಕೆ ತೆಗೆದುಕೊಂಡು, ಕತ್ತನ್ನು ಅಷ್ಟು ಓರೆಮಾಡಿ, ಆಮೇಲೆ ಉತ್ತರಿಸುತ್ತಾರೆ. ಎರಡನೆಯದು ಶರೀರದ ವಿಚಾರದಲ್ಲಿ ನಿರ್ಭಯತೆ. ಸುಂದರವಾಗಿ ಕಾಣಬೇಕೆಂಬ ಹಂಬಲವನ್ನು ಅವರು ಪಾತ್ರದ ಹೊರಗೆ ಇಟ್ಟು ಬರುವರು. ಮೂರನೆಯದೂ ಪ್ರಕೃತಕ್ಕೆ ಮುಖ್ಯವಾದುದೂ ಅವರ ನುಡಿ.

ಈ ನುಡಿಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಮಂಡ್ಯ, ಮದ್ದೂರು, ಮಳವಳ್ಳಿಗಳ ಹಳ್ಳಿಯ ಮಾತಿನಲ್ಲಿ ಪದಾದಿಯ ಹಕಾರವು ಲೋಪವಾಗುವುದು: ‘ಹಾಲು’ ‘ಆಲು’ ಆಗುವುದು, ‘ಹೆಂಗೆ’ ‘ಎಂಗೆ’ ಆಗುವುದು. ‘ಬರುತ್ತೇನೆ’ ಎಂಬುದು ‘ಬತ್ತೀನಿ’ ಎಂದೂ ‘ಹೋಗುತ್ತೇನೆ’ ಎಂಬುದು ‘ಓಯ್ತೀನಿ’ ಎಂದೂ ‘ಇದೆ’ ಎಂಬುದು ‘ಐತೆ’ ಎಂದೂ ಸಂಕೋಚಗೊಳ್ಳುವುವು. ಇವೆಲ್ಲಕ್ಕಿಂತ ಸ್ವಾರಸ್ಯವಾದುದು ವಾಕ್ಯಾಂತ್ಯದ ಸಂಬೋಧನೆ. ‘ಕಣ್ಲಾ’, ‘ಕಣಮ್ಮಿ’, ‘ಕಣವ್ವ’ ಎಂಬ ಒಂದೊಂದು ತುಣುಕು ಆಡುವವನಿಗೂ ಕೇಳುವವನಿಗೂ ಇರುವ ವಯಸ್ಸಿನ, ಸಲುಗೆಯ, ಸಿಟ್ಟಿನ ಅಳತೆಯನ್ನು ನಿಖರವಾಗಿ ತಿಳಿಸುವುದು. ಗ್ರಂಥಸ್ಥ ಭಾಷೆಯು ಒಂದು ವಾಕ್ಯದಲ್ಲಿ ಹೇಳತಕ್ಕುದನ್ನು ಇದು ಒಂದು ಅಕ್ಷರದಲ್ಲಿ ಹೇಳುವುದು. ನಟನಿಗೆ ಇದಕ್ಕಿಂತ ಹರಿತವಾದ ಉಪಕರಣವು ಬೇರೆ ಇಲ್ಲ. ‘ಗ್ರಾಮ್ಯ’ವನ್ನು ಕಾವ್ಯದೋಷವೆಂದು ಕವಿರಾಜಮಾರ್ಗಕಾರನು ಎಣಿಸಿದುದು ನಿಜ, ಆದರೆ ಅದು ಕಾವ್ಯದ ಮಾತು. ಪಾತ್ರವು ಆಡುವ ನುಡಿ ಪಾತ್ರಕ್ಕೆ ಉಚಿತವಾಗಿರಬೇಕೆಂಬುದು ನಾಟ್ಯದ ಧರ್ಮ.

ಈ ನುಡಿಗೆ ಚಿತ್ರಗಳಲ್ಲಿ ದೊರೆತ ಸ್ಥಾನವು ಗಂಡಸರಿಗೊಂದು, ಹೆಂಗಸರಿಗೊಂದು ಆಗಿರುವುದು ವಿಚಾರಾರ್ಹವಾಗಿದೆ. ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯವರಾದ ಅಂಬರೀಷರಿಗೆ ಮಂಡ್ಯದ ಹೆಸರು ವೀರನ ಬಿರುದಾಯಿತು. ‘ಮಂಡ್ಯದ ಗಂಡು’ (1994) ಎಂದು ಚಿತ್ರಕ್ಕೇ ಹೆಸರಿಟ್ಟರು. ಹಾಸ್ಯನಟರಾದ ಮಂಡ್ಯ ರಮೇಶರಿಗೆ ಊರ ಹೆಸರು ಕೀರ್ತಿಯ ಅಂಗವೇ ಆಗಿದೆ. ಅದೇ ಸೀಮೆಯ ನುಡಿಯನ್ನು ಹೆಂಗಸೊಬ್ಬಳು ತೆರೆಯ ಮೇಲೆ ಆಡಿದರೆ, ಅವಳು ಕೆಲಸದವಳೆಂದೋ ನಗೆಗೀಡಾಗತಕ್ಕವಳೆಂದೋ ಪ್ರೇಕ್ಷಕರು ಮೊದಲೇ ನಿಶ್ಚಯಿಸಿಕೊಂಡಿರುತ್ತಿದ್ದರು. ಗಂಡಸಿನ ಬಾಯಲ್ಲಿ ಪೌರುಷವಾದುದು ಹೆಂಗಸಿನ ಬಾಯಲ್ಲಿ ಒಡ್ಡುತನವಾಯಿತು. ಮಳವಳ್ಳಿಗೆ ತಿರುಮಕೂಡಲು ನರಸೀಪುರದಾಚೆಯ ನೆರೆಯಾದ ನಂಜನಗೂಡು ಸೀಮೆಯ ಮಾತನ್ನು ಸಾಕವ್ವನು ರಂಗದ ಮೇಲೆ ಆಡಿದಾಗ ಗೌರವದಿಂದ ಆಲಿಸಿದ ನಗರದ ಸಭಿಕರೇ, ಅಂತಹುದೇ ಮಾತನ್ನು ಅದೇ ನಟಿ ಚಿತ್ರದಲ್ಲಿ ಆಡಿದಾಗ ಕೀಳೆಂದರು. ಇದನ್ನು ರಸಜ್ಞತೆಯೆನ್ನುವುದಕ್ಕಿಂತ ಸ್ಥಾನಜ್ಞತೆಯೆನ್ನುವುದು ಲೇಸು.

ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ (2008) ವೈದೇಹಿಯವರ ಕಥೆಯನ್ನು ಆಧರಿಸಿದುದು. ಅದರಲ್ಲಿನ ಗುಲಾಬಿ ಕುಂದಾಪುರದ ಕಡೆಯ ಬೆಸ್ತರ ನಡುವೆ ವಾಸಿಸುವ ಮುಸಲ್ಮಾನ ಸೂಲಗಿತ್ತಿ. ಗಂಡನು ಬೇರೆ ಸಂಸಾರವನ್ನು ಕಟ್ಟಿಕೊಂಡಿರುವನು. ಸಿನಿಮಾ ನೋಡುವುದೊಂದೇ ಅವಳ ಚಪಲ. ಹೆರಿಗೆ ಮಾಡಿಸಿದ ಉಪಕಾರಕ್ಕೆ ಅವಳ ಗುಡಿಸಿಲಿಗೆ ಟೆಲಿವಿಷನ್ ಪೆಟ್ಟಿಗೆ ಬರುವುದು; ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂಡುವರು. 1999ರ ಕಾರ್ಗಿಲ್ ಯುದ್ಧದ ಕಾಲದ ಮತದ್ವೇಷವೂ ಮೀನುಗಾರಿಕೆಯ ಪೈಪೋಟಿಯೂ ಸೇರಿ ಕೊನೆಗೆ ಅವಳನ್ನು ಅಲ್ಲಿಂದ ಹೊರಡಿಸುವುವು. ಈ ಪಾತ್ರಕ್ಕಾಗಿ ಉಮಾಶ್ರೀಯವರಿಗೆ 55ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಶ್ರೇಷ್ಠನಟಿಯ ಪ್ರಶಸ್ತಿ ದೊರೆಯಿತು. ಇಲ್ಲಿ ‘ಹಾಸ್ಯನಟಿಯು ಹಾಸ್ಯವನ್ನು ಬಿಟ್ಟಳು’ ಎಂದು ಹೊಗಳಿದವರು ಚಿತ್ರವನ್ನು ಸರಿಯಾಗಿ ನೋಡಲಿಲ್ಲ. ಸಿನಿಮಾದ ಮೇಲೆ ಗುಲಾಬಿಗಿರುವ ಮಕ್ಕಳಂತಹ ಆಸೆ, ಟೆಲಿವಿಷನ್ ಮನೆಗೆ ಬಂದಾಗಿನ ಅವಳ ಸಂಭ್ರಮ, ಬಂದವರನ್ನು ಸ್ವಾಗತಿಸುವ ಯಜಮಾನಿಕೆ, ಇವೆಲ್ಲ ಹಾಸ್ಯದ ಪಟ್ಟುಗಳೇ. ನಾವು ಅವಳನ್ನು ಪ್ರೀತಿಸುವುದು ಆ ನಗೆಯಿಂದ; ಪ್ರೀತಿಸಿದುದರಿಂದಲೇ ಅವಳ ನಿರ್ಗಮನವು ನಮ್ಮನ್ನು ಇರಿಯುವುದು. ಅದೇ ನಿರ್ದೇಶಕರ ‘ಕನಸೆಂಬ ಕುದುರೆಯನೇರಿ’ (2010) ಚಿತ್ರದಲ್ಲಿ ಉಮಾಶ್ರೀಯವರಿಗೆ ಜೊತೆಯಾದವರೂ ಹಾಸ್ಯನಟರೆಂದು ಹೆಸರಾದ ವೈಜನಾಥ ಬಿರಾದಾರರು. ಕರುಣಕ್ಕೆ ಹಾಸ್ಯನಟರನ್ನೇ ಎರಡು ಬಾರಿ ಆರಿಸಿಕೊಂಡ ನಿರ್ದೇಶಕರು ವಿಮರ್ಶಕರಿಗಿಂತ ಹೆಚ್ಚು ಅರಿತಿದ್ದರೆನ್ನಬೇಕು.

ನಡುವೆ ಉಮಾಶ್ರೀಯವರು ರಾಜಕೀಯವನ್ನು ಪ್ರವೇಶಿಸಿ, 2013ರಲ್ಲಿ ಬಾಗಲಕೋಟೆ ಜಿಲ್ಲೆಯ ತೇರದಾಳದಿಂದ ವಿಧಾನಸಭೆಗೆ ಚುನಾಯಿತರಾಗಿ, ರಾಜ್ಯದ ಮಂತ್ರಿಗಳಾಗಿ ಕನ್ನಡ ಮತ್ತು ಸಂಸ್ಕೃತಿಯ ಖಾತೆಯನ್ನೂ ವಹಿಸಿದ್ದರು. ಅದು ಬೇರೆ ಲೇಖನದ ವಿಷಯ. ನಮಗೆ ಪ್ರಕೃತವಾದುದು 2021ರ ಡಿಸೆಂಬರಿನಲ್ಲಿ ಆರಂಭವಾದ ‘ಪುಟ್ಟಕ್ಕನ ಮಕ್ಕಳು’ ಎಂಬ ಟೆಲಿವಿಷನ್ ಧಾರಾವಾಹಿ.

ಟೆಲಿವಿಷನ್ನು ನಟಿಯ ಸ್ಥಾನವನ್ನು ಬದಲಿಸಬಲ್ಲುದೆಂಬುದಕ್ಕೆ ಅಮೆರಿಕದಲ್ಲಿ ಒಂದು ಪ್ರಸಿದ್ಧ ನಿದರ್ಶನವಿದೆ. ಲೂಸಿಲ್ ಬಾಲ್ (1911-1989) ಎಂಬಾಕೆ ಹಾಲಿವುಡ್ಡಿನ ಚಿತ್ರಗಳಲ್ಲಿ ಬಹುಕಾಲ ಅಗ್ರಪಂಕ್ತಿಗೆ ಬರಲಾರದೆ ಇದ್ದವಳು. 1951ರಿಂದ 1957ರವರೆಗೆ ನಡೆದ ‘ಐ ಲವ್ ಲೂಸಿ’ ಎಂಬ ಹಾಸ್ಯಮಾಲೆಯಿಂದ ಮನೆಮನೆಯ ಹೆಸರಾದಳು; 1962ರಲ್ಲಿ ತಾನೂ ಪತಿಯೂ ಕೂಡಿ ಸ್ಥಾಪಿಸಿದ ನಿರ್ಮಾಣಸಂಸ್ಥೆಗೆ ಒಡತಿಯಾದಳು. ಚಿತ್ರಮಂದಿರವು ನಾಯಿಕೆಯನ್ನು ದೂರದಿಂದ ನೋಡಿ ಮೆಚ್ಚುವ ಸ್ಥಳ. ಟೆಲಿವಿಷನ್ನು ಅಡುಗೆಯ ಮನೆಗೆ ಸಮೀಪವಾದ ಸ್ಥಳ. ಅಲ್ಲಿ ನಿತ್ಯವೂ ಬರತಕ್ಕವಳು ಅಪ್ಸರೆಯಾಗಿರುವುದಕ್ಕಿಂತ ನೆರೆಯವಳಾಗಿರುವುದು ಹಿತ. ಲೂಸಿಯ ಮಾಲೆಯಲ್ಲಿ ಕ್ಯೂಬಾದಿಂದ ಬಂದ ಗಂಡನ ಇಂಗ್ಲಿಷು ನಗೆಗೆ ವಸ್ತುವಾಗಿತ್ತು. ಅಲ್ಲಿ ಬೇರೆ ನಾಡಿನವನ ಉಚ್ಚಾರಣೆಗೆ ನಕ್ಕರು. ನಾವು ನಮ್ಮ ತಾಯಂದಿರ ಉಚ್ಚಾರಣೆಗೇ ನಕ್ಕೆವು.

ಪುಟ್ಟಕ್ಕನು ಮೂರು ಹೆಣ್ಣುಮಕ್ಕಳನ್ನು ಹೆತ್ತಳೆಂದು ಗಂಡನಿಂದ ಪರಿತ್ಯಕ್ತಳಾಗಿ, ಊಟದ ಮನೆಯನ್ನು ನಡೆಸಿ ಮಕ್ಕಳನ್ನು ಬೆಳೆಸಿದ ಹಳ್ಳಿಯ ತಾಯಿ. ಅವಳ ಮಾತು ಹಳೆಯ ಮೈಸೂರಿನ ಹಳ್ಳಿಯ ಮಾತು. ಮಂಡ್ಯ, ಮದ್ದೂರು, ಮಳವಳ್ಳಿಗಳ ಕೇಳುಗರಿಗೆ ಅದು ಮನೆಯ ಮಾತೇ. ಹಿಂದೆ ಹಾಸ್ಯಕ್ಕೆಂದು ಅದೇ ನಟಿಯ ಬಾಯಲ್ಲಿ ಇರಿಸಿದ ನುಡಿ ಈಗ ಕಥೆಯ ನಡುಮನೆಗೆ ಬಂದು ಕುಳಿತಿತು. ‘ಐತೆ’ ಎಂದೊಡನೆ ನಗುತ್ತಿದ್ದ ಪ್ರೇಕ್ಷಕವರ್ಗವು ಈಗ ನಗಲಿಲ್ಲ. ನುಡಿಯು ಬದಲಾಗಲಿಲ್ಲ, ನಟಿಯೂ ಬದಲಾಗಲಿಲ್ಲ. ಬದಲಾದುದು ಆ ನುಡಿಗೆ ಕಥೆಯು ಕೊಟ್ಟ ಪೀಠ. ನಗೆಯ ಕಾರಣವು ನುಡಿಯಲ್ಲಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವು ಬೇಕಿಲ್ಲ.

ಧಾರಾವಾಹಿಯ ದೋಷಗಳನ್ನು ಮುಚ್ಚಬೇಕಾಗಿಲ್ಲ. ದಿನಂಪ್ರತಿ ಕಂತು ತುಂಬಬೇಕಾದ ಕಥೆಯಲ್ಲಿ ಸಂಕಟಗಳು ತಾವಾಗಿ ಹುಟ್ಟದೆ ಹುಟ್ಟಿಸಲ್ಪಡುತ್ತವೆ, ಕಣ್ಣೀರು ಅಗ್ಗವಾಗುತ್ತದೆ. ಪುಟ್ಟಕ್ಕನನ್ನು ಸಹನೆಯ ಮೂರ್ತಿಯಾಗಿ ಮಾಡುವ ಆತುರದಲ್ಲಿ, ನಟಿಯ ಪರಮಶಕ್ತಿಯಾದ ನಗೆಗೆ ಅವಕಾಶವು ಕಡಮೆಯಾಯಿತೆಂಬುದು ನಮ್ಮ ಮುಖ್ಯ ಆಕ್ಷೇಪ. ಹಳ್ಳಿಯ ನುಡಿಗೆ ಗೌರವವನ್ನು ಕೊಡಬೇಕಾದರೆ ಅದನ್ನು ಅಳುವವಳ ಬಾಯಲ್ಲಿಯೇ ಇಡಬೇಕೆಂಬ ನಿಯಮವೇನೂ ಇಲ್ಲ. ಒಡಲಾಳದ ಸಾಕವ್ವನು ನಗಿಸಿಯೂ ಗೌರವವನ್ನು ಪಡೆದವಳು. ಆ ಎತ್ತರಕ್ಕೆ ಪುಟ್ಟಕ್ಕನು ಏರಲಿಲ್ಲ.

ಆದುದರಿಂದ ಉಮಾಶ್ರೀಯವರ ಕಲಾಜೀವನವನ್ನು ಏರು, ಇಳಿತ, ಮರುಏರು ಎಂದು ಮೂರು ತುಂಡು ಮಾಡುವುದು ಸರಿಯಲ್ಲ. ಹಾಸ್ಯಪಾತ್ರಗಳ ದೀರ್ಘಸಾಧನೆಯಿಲ್ಲದೆ ಗುಲಾಬಿಯೂ ಇಲ್ಲ, ಪುಟ್ಟಕ್ಕನೂ ಇಲ್ಲ. ವಿದ್ವಾಂಸರು ಇನ್ನು ಮೇಲಾದರೂ ಆ ಹಳೆಯ ಚಿತ್ರಗಳನ್ನು ತೆಗೆದು, ಕೆಟ್ಟ ವಾಕ್ಯವನ್ನು ಬರೆದವರ ಲೆಕ್ಕಕ್ಕೆ ಬರೆದು, ಉಚ್ಚಾರಣೆ, ವಿರಾಮ, ಸಂಬೋಧನೆಗಳನ್ನು ನಟಿಯ ಲೆಕ್ಕಕ್ಕೆ ಬರೆದು ಪರಿಶೀಲಿಸುವುದು ಒಳ್ಳೆಯದು. ಮಂಡ್ಯ ಸೀಮೆಯ ಹೆಂಗಸರ ಮಾತನ್ನು ನಿಘಂಟುಗಳು ಹಿಡಿದಿಟ್ಟುದು ಅಲ್ಪ. ಆ ಮಾತಿನ ಜಾತಿಗೆ ಸೇರಿದ ನುಡಿಯ ಏರಿಳಿತಗಳು, ನಾವು ಕೀಳೆಂದು ತಳ್ಳಿದ ಆ ಚಿತ್ರಸುರುಳಿಗಳಲ್ಲಿ ಒಬ್ಬ ನಟಿಯ ಕಂಠದಲ್ಲಿ ಉಳಿದುಬಂದಿವೆ.